ಕೌದಿಯ ನಾಲ್ಕನೇ ಮೂಲೆ

ಗಾಂಧಿ ಬಜಾರಿನ ದರ್ಶಿನಿಯ ಮುಂದೆ, ನಿಂತು ಕಾಫಿ ಕುಡಿಯುವ ಮೇಜಿನ ಹತ್ತಿರ ಇದ್ದವನನ್ನು ನಾಗವೇಣಿ ದೂರದಿಂದಲೇ ಗುರುತಿಸಿದಳು. ಅವಳ ಹಾಗೆ ಕಡುಗಪ್ಪು ಮೈಬಣ್ಣದ, ಅವಳ ಹಾಗೆ ನೆತ್ತಿಗೆ ಅಂಟಿದ ಗುಂಗುರು ಕೂದಲಿನ ಇನ್ನೊಬ್ಬರು ಆ ಬೀದಿಯಲ್ಲಿ ಇರಲಿಲ್ಲ. ಭಾನುವಾರ, ಬ್ಯಾಂಕಿಗೆ ರಜೆ. ಆದರೂ ಅವನ ಕೊರಳಲ್ಲಿ ನೀಲಿ ಪಟ್ಟಿಯ ಬ್ಯಾಂಕಿನ ಟ್ಯಾಗು ನೇತಾಡುತ್ತಿತ್ತು.

"ಭಾನುವಾರವೂ ಡ್ಯೂಟಿಯಾ?" ಎಂದಳು, ನಮಸ್ಕಾರದ ಬದಲು.

ಪರಶುರಾಮ ಟ್ಯಾಗನ್ನು ಮುಟ್ಟಿ ನೋಡಿಕೊಂಡ. "ಇಲ್ಲ. ಇದು ಇದ್ರೆ ಯಾರೂ ಏನೂ ಕೇಳೋದಿಲ್ಲ."

"ಯಾರು ಎಂತ ಕೇಳ್ತಾರೆ?"

ಕಾಫಿ ತಂದಿಟ್ಟವನು ಅವಳ ಮುಖ ನೋಡಿ, ಇದ್ದಬದ್ದ ಇಂಗ್ಲಿಷನ್ನೆಲ್ಲ ಕೂಡಿಸಿಕೊಂಡು ಕೇಳಿಯೇಬಿಟ್ಟ. "ವಿಚ್ ಕಂಟ್ರಿ, ಮೇಡಂ?"

"ಯಲ್ಲಾಪುರ."

"ಅದು ಆಫ್ರಿಕಾದಲ್ಲಿ ಯಾವ ಕಡೆ ಬರುತ್ತೆ?"

"ಶಿರಸಿ ಪಕ್ಕ. ಪಿನ್ ಕೋಡ್ ಹೇಳ್ಲಾ ಅಣ್ಣಾ?"

ಅವನು ನಾಲಿಗೆ ಕಚ್ಚಿಕೊಂಡ. "ಅಯ್ಯೋ, ನಮ್ಮೋರೇನಾ!"

"ನಿಮ್ಮೋರೇ. ಸಕ್ಕರೆ ಮಾತ್ರ ಜಾಸ್ತಿ ಆಯ್ತು."

ಪರಶುರಾಮನಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ ಎಂಬುದನ್ನು ನಾಗವೇಣಿ ನೋಡಿದಳು. ನೋಡಿದ್ದು ಅವನಿಗೆ ತಿಳಿಯಿತು. ಇಬ್ಬರೂ ಒಟ್ಟಿಗೇ ಕಾಫಿ ಲೋಟಕ್ಕೆ ಕೈ ಹಾಕಿದರು.

ಅವರಿಬ್ಬರೂ ಸಿದ್ದಿಗಳು. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ಬಂದು, ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಮಕ್ಕಳು, ಮೊಮ್ಮಕ್ಕಳು. ನಾಗವೇಣಿಯ ಅಪ್ಪ ಜೇನು ಇಳಿಸುವವನು. ಜೇನುಮರ ಹತ್ತುವಾಗ ಕೆಳಗೆ ನೋಡಬಾರದು, ಮುಂದಿನ ಕೊಂಬೆ ನೋಡಬೇಕು ಎಂದು ಅವಳು ಬುದ್ಧಿ ಬಂದಾಗಿನಿಂದ ಕೇಳಿಕೊಂಡೇ ಬೆಳೆದಿದ್ದಳು. ಫಿಸಿಯೋಥೆರಪಿ ಓದಿ ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದವಳಿಗೆ ಈಗ ಬಸವನಗುಡಿಯ ಒಂದು ಕ್ಲಿನಿಕ್ಕಿನಲ್ಲಿ ನೌಕರಿ ಸಿಕ್ಕಿತ್ತು. ಹೊರಡುವ ಮುಂಚೆ, ನೌಕರಿ ಹಿಡಿದ ಸಿದ್ದಿ ಮಂದಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದಳು: ಬೆಂಗಳೂರಿಗೆ ಬರ್ತಿದ್ದೇನೆ, ನಮ್ಮಂಥವರಿಗೆ ಅಲ್ಲಿ ಎಂತ ಗೊತ್ತಿರಬೇಕು?

ನಲವತ್ತು ಜನರ ಗುಂಪಿನಲ್ಲಿ ಹೆಚ್ಚಿನವರು ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾದರು. ಚಾಮರಾಜಪೇಟೆಯ ಬ್ಯಾಂಕಿನಲ್ಲಿದ್ದ ಪರಶುರಾಮ ಸಿದ್ದಿ ಎಂಬೊಬ್ಬ ಮಾತ್ರ ಒಂದರ ಹಿಂದೆ ಒಂದು ಹನ್ನೊಂದು ವಾಯ್ಸ್ ಮೆಸೇಜು ಕಳಿಸಿದ. ಮೊದಲು ಫೋನಿನಲ್ಲಿ ಕನ್ನಡ ಮಾತಾಡಿ, ಮುಖ ಆಮೇಲೆ ತೋರಿಸಿ. ಸಂಜೆಯಾದ ಮೇಲೆ ಮನೆ ನೋಡೋಕೆ ಹೋಗಬೇಡಿ. ಬಟ್ಟೆಬರೆ ಬೀದಿ ಕಡೆ ಒಣಗಿಸಬೇಡಿ. ಯಾರಾದರೂ ಒರಟಾಗಿ ಮಾತಾಡಿದರೆ ನಕ್ಕು ಮುಂದೆ ಹೋಗಿ. ಅವನ ಸಲಹೆಗಳಲ್ಲಿ ಒಂದೂ ಅವಳಿಗೆ ಹಿಡಿಸಲಿಲ್ಲ. ಆದರೆ ಆ ದನಿ! ಬಿಸಿಲಿಗೆ ಕಾದ ಅಂಗಳದಲ್ಲಿ ಬರಿಗಾಲಿಟ್ಟ ಹಾಗಿನ ದನಿ. ಹುಬ್ಬಳ್ಳಿಯಿಂದ ಬರುವ ರೈಲಿನಲ್ಲಿ ಹನ್ನೊಂದನ್ನೂ ಮೂರು ಸಲ ಕೇಳಿದ್ದಳು, ಸಲಹೆಗಾಗಿ ಅಲ್ಲ.

ಈಗ ಆ ದನಿಯೇ ಹೇಳುತ್ತಿತ್ತು: "ಮನೆ ನೋಡೋಕೆ ನೀವೊಬ್ಬರೇ ಹೋಗಿ ಬನ್ನಿ. ಬ್ರೋಕರ್ ವರದರಾಜ ಇರ್ತಾನೆ. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡ್ರೆ ಕೊಡೋದಿಲ್ಲ."

"ಎಂತಕ್ಕೆ? ಒಬ್ಬರಿಗಿಂತ ಇಬ್ಬರು ಕಪ್ಪಾ?"

ಅವನು ಟ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ.

*

ಮನೆ ಕೃಷ್ಣರಾವ್ ಪಾರ್ಕಿನ ಹಿಂದಿನ ಬೀದಿಯಲ್ಲಿತ್ತು. ಕೆಂಪು ನೆಲ, ಮಹಡಿಯ ಮೇಲೆ ಬೀದಿಗೆ ಮುಖ ಮಾಡಿದ ಬಾಲ್ಕನಿ, ಅದರ ಪಕ್ಕ ಒಂದು ಸಂಪಿಗೆ ಮರ. ಬಾಡಿಗೆಗಿದ್ದದ್ದು ಆ ಮಹಡಿ; ಕೆಳಗಿನ ಒಂದು ಭಾಗದಲ್ಲಿ ಬೇರೆ ಬಾಡಿಗೆಯವರು, ಇನ್ನೊಂದರಲ್ಲಿ ಮನೆಯೊಡತಿ. ಮನೆಯೊಡತಿ ತುಳಸಮ್ಮ ನಿವೃತ್ತ ಹೆಡ್‌ಮಿಸ್ಟ್ರೆಸ್. ಮೂರು ಮೆಟ್ಟಿಲು ಇಳಿಯುವಾಗ ಬಲಗಾಲನ್ನು ಮೊದಲು ಇಟ್ಟು, ಎಡಗಾಲನ್ನು ಎಳೆದು ಅದರ ಪಕ್ಕ ತಂದಿಟ್ಟರು. ಬಲ ಮೊಣಕಾಲು ಬಗ್ಗುತ್ತಿಲ್ಲ ಎಂದು ನಾಗವೇಣಿಗೆ ಅಲ್ಲೇ ಗೊತ್ತಾಯಿತು. ಹೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡಳು. ಮೊಣಕಾಲಿನ ಉಪಕಾರಕ್ಕೆ ಸಿಗುವ ಮನೆ ಅವಳಿಗೆ ಬೇಡವಾಗಿತ್ತು.

"ಬಾಮ್ಮ, ಕೂತ್ಕೋ. ಊಟ ಏನು ಮಾಡ್ತೀಯಾ?"

"ಮೀನು ತಿಂತೀನಿ."

ಬಾಗಿಲಲ್ಲಿ ನಿಂತಿದ್ದ ವರದರಾಜ ಹಣೆ ಒರೆಸಿಕೊಂಡ.

"ಈ ಮನೇಲಿ ಮಾಡೋ ಹಾಗಿಲ್ಲ."

"ಅದು ಎಲ್ಲರಿಗೂ ಇರೋದಾ ಅಮ್ಮಾ, ನನಗೆ ಮಾತ್ರನಾ?"

"ಎಲ್ಲರಿಗೂ."

"ಹಾಗಾದ್ರೆ ಸರಿ. ಹೊರಗೆ ತಿಂದು ಬರ್ತೀನಿ."

ತುಳಸಮ್ಮ ಕನ್ನಡಕ ಸರಿಮಾಡಿಕೊಂಡು ಅವಳನ್ನು ಇನ್ನೊಮ್ಮೆ ನೋಡಿದರು. "ಆಮೇಲೆ, ಪೊಲೀಸ್ ಸ್ಟೇಷನ್ನಿಂದ ಒಂದು ಕಾಗದ ತಂದ್ಬಿಡು. ಇಂಥವಳು, ಇಂಥ ಕಡೆಯವಳು ಅಂತ."

"ಕೆಳಗಿನ ಮನೆಯವರು ತಂದಿದ್ರಾ?"

ತುಳಸಮ್ಮ ಸುಳ್ಳು ಹೇಳುವ ಹೆಂಗಸಲ್ಲ. "ಇಲ್ಲ. ಅವರನ್ನ ಕೇಳಿರ್ಲಿಲ್ಲ."

"ಹಾಗಾದ್ರೆ ಇದು ನನಗೆ ಮಾತ್ರ. ಎಲ್ಲರ ಹತ್ರ ಕೇಳೋ ಕಾಗದ ಎಷ್ಟು ಬೇಕಾದ್ರೂ ಕೇಳಿ, ಕೊಡ್ತೀನಿ. ನನ್ನೊಬ್ಬಳ ಹತ್ರ ಕೇಳೋದು ಒಂದನ್ನೂ ಕೊಡೋದಿಲ್ಲ."

"ತಪ್ಪು ತಿಳ್ಕೋಬೇಡಮ್ಮ. ನಿನ್ನೆ ಬ್ಯಾಂಕಿನವರು ಯಾರೋ ಫೋನ್ ಮಾಡಿದ್ರು, ಎಷ್ಟು ಚೆನ್ನಾಗಿ ಮಾತಾಡಿದ್ರು! 'ಹುಡುಗಿ ನೋಡೋಕೆ ಬೇರೆ ಥರ ಇರ್ತಾಳೆ, ಗಾಬರಿಯಾಗ್ಬೇಡಿ, ಒಳ್ಳೆಯವಳೇ' ಅಂದ್ರು. ಅಲ್ಲೀವರೆಗೆ ನಂಗೆ ಗಾಬರಿ ಇರ್ಲಿಲ್ಲ. ಅವರು ಹೇಳಿದ್ಮೇಲೆ ಶುರುವಾಯ್ತು ನೋಡು."

ನಾಗವೇಣಿ ಎದ್ದು ನಿಂತಳು. ಸಂಪಿಗೆಯ ವಾಸನೆ ಒಳಗೆಲ್ಲ ತುಂಬಿತ್ತು. ಇಷ್ಟು ಒಳ್ಳೆಯ ಮನೆಯನ್ನು ಬಿಟ್ಟು ಹೊರಡಲು ಮನಸ್ಸಿರಲಿಲ್ಲ. ಆದರೂ ನಿಲ್ಲಲಿಲ್ಲ.

*

ಪರಶುರಾಮ ಬ್ಯೂಗಲ್ ರಾಕ್‌ನ ಬಂಡೆಯ ಮೇಲೆ ಕಾಯುತ್ತಿದ್ದ. ಮೇಲಿನ ಮರಗಳಲ್ಲಿ ಬಾವಲಿಗಳು ತಲೆಕೆಳಗಾಗಿ ತೂಗುತ್ತಿದ್ದವು. ಅವಳ ನಡಿಗೆ ನೋಡಿಯೇ ಅವನು ಎದ್ದ.

"ಗಾಬರಿಯಾಗ್ಬೇಡಿ ಅಂತ ಹೇಳಿದ್ಯಾ?"

ಬೆಳಗಿನಿಂದ ಇದ್ದ 'ನೀವು' ಆ ಬಂಡೆಯ ಮೇಲೆಯೇ ಕಳಚಿ ಬಿತ್ತು.

"ಒಳ್ಳೇದಕ್ಕೇ ಹೇಳಿದ್ದು ಮಾರಾಯ್ತಿ. ನಾನು ಈ ಊರಿಗೆ ಬಂದಾಗ ನನ್ನ ಮುಖ ನೋಡಿ 'ಮನೆ ಹೋಗಿಬಿಟ್ಟಿದೆ' ಅಂದವರು ಒಬ್ಬರಿಬ್ಬರಲ್ಲ. ಮರುದಿನ ನೋಡಿದ್ರೆ ಬೋರ್ಡು ಅಲ್ಲೇ ನೇತಾಡ್ತಿರ್ತಿತ್ತು. ನಿನಗೆ ಆ ಮೆಟ್ಟಿಲು ಇಳಿಯೋ ಸಂಕಟ ಬೇಡ ಅಂತ…"

ನಾಗವೇಣಿಯ ಸಿಟ್ಟು ಒಂದು ಕ್ಷಣ ಮೆತ್ತಗಾಯಿತು. ಆದರೆ ಮೆತ್ತಗಾದ ಸಿಟ್ಟನ್ನು ಹಾಗೇ ಬಿಟ್ಟರೆ ಅದು ನಾಳೆ ಹುಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಫೋನಿನಲ್ಲಿ ನಿನ್ನ ಬಗ್ಗೆ ಹೇಳಿದ್ಯಾ? ನಾನೂ ಅವಳ ಹಾಗೇ ಇದ್ದೇನೆ ಅಂತ?"

ಅವನ ಕೈ ಕೊರಳಿನ ಟ್ಯಾಗಿಗೆ ಹೋಯಿತು.

"ನೋಡು, ನನ್ನ ಮುಖದ ಪರವಾಗಿ ನೀನು ಮಾಫಿ ಕೇಳಿದೆ. ನಿನ್ನ ಮುಖವನ್ನ ಫೋನಿನ ಹಿಂದೆ ಬಚ್ಚಿಟ್ಟೆ. ಆರು ವರ್ಷದಿಂದ ಈ ಊರಲ್ಲಿದ್ದೀಯಾ. ಕೊತ್ತಂಬರಿ ಸೊಪ್ಪು ತರೋಕೂ ಈ ಟ್ಯಾಗ್ ಹಾಕ್ಕೊಂಡು ಹೋಗ್ತೀಯಾ?"

"ಹೌದು," ಎಂದ ಪರಶುರಾಮ, ಮೆಲ್ಲಗೆ. "ಹಾಕ್ಕೊಂಡೇ ಹೋಗ್ತೀನಿ."

ಆ ಪ್ರಾಮಾಣಿಕತೆ ಅವಳ ಎದೆಗೆ ನೇರವಾಗಿ ತಾಗಿತು. ಅವನ ಕಣ್ಣುಗಳನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದು ಆಗಲೇ. ನೋಡಬಾರದಿತ್ತು ಎನ್ನಿಸಿ ಬಾವಲಿಗಳ ಕಡೆ ತಿರುಗಿದಳು.

"ನನಗೆ ಮನೆ ಕೊಡಿಸಬೇಡ. ಮನೆ ನಾನು ನೋಡ್ಕೊಳ್ತೀನಿ. ಆಡಿದ ಮಾತು ವಾಪಸ್ ತಗೊಂಡು ಬಾ, ಅಷ್ಟು ಸಾಕು. ಅಲ್ಲೀವರೆಗೆ ನನಗೆ ನಿನ್ನ ಸಲಹೆ ಬೇಡ."

*

ಮತ್ತಿಕೆರೆಯಲ್ಲಿ ಗೆಳತಿ ವಾಣಿಯ ಪಿಜಿಯಲ್ಲಿ ಚೀಲ ಇಟ್ಟುಕೊಂಡು ನಾಗವೇಣಿ ಕೆಲಸಕ್ಕೆ ಸೇರಿದಳು. ಇನ್ನೂ ಐದು ಮನೆ ನೋಡಿದಳು. ಐದು ಕಡೆಯೂ, ಎಲ್ಲರಿಗೂ ಇರೋದಾ ನನಗೆ ಮಾತ್ರನಾ ಎಂಬ ಅದೇ ಪ್ರಶ್ನೆ ಕೇಳಿದಳು. ಒಂದು ಕಡೆ ಬಾಗಿಲು ದಢಾರನೆ ಹಾಕಿಕೊಂಡರು. ಅವಳು ಮತ್ತೆ ತಟ್ಟಿ, "ಎಲ್ಲರಿಗೂ ಹೀಗೇ ಹಾಕ್ತೀರಾ?" ಎಂದು ಕೇಳಿಯೇ ಮೆಟ್ಟಿಲು ಇಳಿದಳು.

ಗುರುವಾರ ವರದರಾಜನ ಫೋನು. "ಮೇಡಂ, ಅದೇನು ಮಾಡಿದ್ರೋ ಕಾಣೆ. ತುಳಸಮ್ಮ ಬೆಳಿಗ್ಗೆ ಕೀಲಿ ಕೊಟ್ಬಿಟ್ರು. ಕಾಗದ ಗೀಗದ ಏನೂ ಬೇಡವಂತೆ. ಬಂದ್ಬಿಡಿ."

ವರದರಾಜನಿಂದ ಕೀಲಿ ಪಡೆದು ಮನೆಗೆ ಹೋದಾಗ ತುಳಸಮ್ಮ ಗೇಟಿನ ಹತ್ತಿರವೇ ನಿಂತಿದ್ದರು. "ಮೂವತ್ತೈದು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು ನಾನು. ನಿನ್ನ ಒಂದು ಪ್ರಶ್ನೆಗೆ, ನಿನ್ನೊಬ್ಬಳನ್ನೇ ಯಾಕೆ ಕೇಳಿದೆ ಅನ್ನೋದಕ್ಕೆ, ನನ್ನ ಹತ್ರ ಉತ್ತರ ಇರ್ಲಿಲ್ಲ. ಉತ್ತರ ಇಲ್ಲ ಅಂದ್ಮೇಲೆ ಕಾಗದ ಕೇಳೋದು ತಪ್ಪು ತಾನೆ? ಆಮೇಲೆ ಇನ್ನೊಂದು. ಕೀಲಿ ಕೊಟ್ಟು ವರದರಾಜನ್ನ ಕಳಿಸಿದ್ದೇ ತಡ, ನಿಮ್ಮ ಬ್ಯಾಂಕಿನವರು ಬಂದಿದ್ರು."

ನಾಗವೇಣಿಯ ಕೈ ಗೇಟಿನ ಮೇಲೇ ನಿಂತಿತು. "ಎಂತ ಹೇಳಿದ್ರು?"

"'ಅಮ್ಮಾ, ಫೋನ್ ಮಾಡಿದ್ದು ನಾನೇ. ಗಾಬರಿಯಾಗ್ಬೇಡಿ ಅಂದದ್ದು ತಪ್ಪಾಯ್ತು, ಆ ಮಾತು ವಾಪಸ್ ತಗೊಳ್ತಿದೀನಿ. ನನ್ನ ಮುಖ ಇದು, ನೋಡ್ಕೊಳ್ಳಿ' ಅಂದ. ಇಷ್ಟೇ. ಕಾಫಿ ಕುಡಿದು ಹೋಗಪ್ಪಾ ಅಂದ್ರೂ ಕೂರ್ಲಿಲ್ಲ."

"ಕೊರಳಲ್ಲಿ ಟ್ಯಾಗ್ ಇತ್ತಾ ಅಮ್ಮಾ?"

"ಟ್ಯಾಗಾ? ಏನೂ ಇರ್ಲಿಲ್ಲ. ಹುಡುಗ ಬೆವರ್ತಿದ್ದ, ಪಾಪ."

*

ಮಾತು ವಾಪಸ್ ತೆಗೆದುಕೊಂಡವನು ಅದನ್ನು ಹೇಳಲು ಬರಲಿಲ್ಲ. ಒಂದು ವಾರವಾಯಿತು, ಎರಡಾಯಿತು. ನಾಗವೇಣಿಯೂ ಫೋನ್ ಮಾಡಲಿಲ್ಲ. ಸಂಜೆ ಕ್ಲಿನಿಕ್ಕಿನಿಂದ ಬಂದು, ಬೇಡವೆಂದ ಹನ್ನೊಂದು ಸಲಹೆಗಳನ್ನು ಒಂದೊಂದಾಗಿ ಹಾಕಿ ಕೇಳುತ್ತ ಅನ್ನಕ್ಕಿಡುತ್ತಿದ್ದಳು. 'ಬಟ್ಟೆಬರೆ ಬೀದಿ ಕಡೆ ಒಣಗಿಸಬೇಡಿ' ಎಂದು ಆ ದನಿ ಹೇಳಿದ ಒಂದು ಭಾನುವಾರ, ಪೆಟ್ಟಿಗೆಯಿಂದ ಅವ್ವನ ಕೌದಿ ತೆಗೆದು, ಬೀದಿ ಕಡೆಯ ಬಾಲ್ಕನಿಯ ಕಂಬಿಯ ಮೇಲೆ ಉದ್ದಕ್ಕೂ ಹರವಿದಳು.

ಕೆಂಪು, ಹಸಿರು, ಹಳದಿ ತುಂಡುಗಳ ಕೌದಿ. ಅಪ್ಪನ ಲುಂಗಿ, ಅಜ್ಜಿಯ ಸೀರೆ, ನಾಗವೇಣಿಯ ಹೈಸ್ಕೂಲಿನ ಲಂಗ ಎಲ್ಲ ಅದರಲ್ಲಿದ್ದವು. ಸಿದ್ದಿ ಕೇರಿಗಳಲ್ಲಿ ಕೌದಿಯ ಮೂಲೆಗಳಿಗೆ ಬಟ್ಟೆಯ ಚೂರುಗಳನ್ನು ಮಡಿಚಿ ಮಡಿಚಿ ಹೂವು ಹಚ್ಚುತ್ತಾರೆ. ಹೂವಿಲ್ಲದ ಕೌದಿಯನ್ನು ಬೆತ್ತಲೆ ಎನ್ನುತ್ತಾರೆ. ಈ ಕೌದಿಗೆ ಮೂರು ಮೂಲೆಗಳಲ್ಲಿ ಮಾತ್ರ ಹೂವಿತ್ತು. "ಮನೆಯವರು ಉಟ್ಟು ಹಳತಾದ ಬಟ್ಟೆ ಬಿಟ್ಟು ಬೇರೆಯವರದ್ದು ಕೌದಿಗೆ ಹಾಕಬಾರದು. ನಾಲ್ಕನೇದು ನೀ ಹಚ್ಚು, ನಿನ್ನ ಮನೆಯವ ಅಂತ ಒಬ್ಬ ಬಂದ ದಿನ," ಎಂದಿದ್ದಳು ಅವ್ವ.

ಕೆಳಗಿನಿಂದ ತುಳಸಮ್ಮ ಕೂಗಿದರು. "ಏನಮ್ಮಾ ಅದು ಬೀದಿ ಕಡೆ?"

"ಕೆಳಗಿನ ಮನೆಯವರೂ ಬೀದಿ ಕಡೆಗೇ ಒಣಗಿಸ್ತಾರಲ್ಲ ಅಮ್ಮಾ!"

"ನಾನೇನು ಬೈದೆನಾ? ಚೆನ್ನಾಗಿದೆ ಅಂದೆ. ಒಂದು ಮೂಲೆ ಬಿಟ್ಟುಹೋಗಿದೆ, ಅಷ್ಟೇ."

"ನೀವು ಮೆಟ್ಟಿಲ ಹತ್ರ ನಿಂತ್ಕೋಬೇಡಿ. ಆ ಮೊಣಕಾಲಿಗೆ ನಾಳೆಯಿಂದ ಎಕ್ಸರ್‌ಸೈಜ್ ಶುರು."

"ಮೊದಲ ದಿನವೇ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಕಿಲಾಡಿ!"

ಆಗಲೇ ನಾಗವೇಣಿ ಕಂಡಳು. ಬೀದಿಯ ಆಚೆ ಬದಿಯಲ್ಲಿ ಪರಶುರಾಮ ನಿಂತಿದ್ದ. ಕೊರಳು ಖಾಲಿ. ಕೈಯಲ್ಲಿ ಪೇಪರು ಸುತ್ತಿದ ಒಂದು ಕಟ್ಟು. ಅವನು ಅವಳನ್ನು ನೋಡುತ್ತಿರಲಿಲ್ಲ. ಕೌದಿಯ ಮೂಲೆಗಳನ್ನು ನೋಡುತ್ತಿದ್ದ. ಒಂದು, ಎರಡು, ಮೂರು. ಆಮೇಲೆ ಕಣ್ಣೆತ್ತಿದ.

ಮೇಲೆ ಬಂದವನಿಗೆ ಉಸಿರು ಜೋರಾಗಿತ್ತು. ಮೆಟ್ಟಿಲು ಬರೀ ಹದಿನಾಲ್ಕು.

"ಎರಡು ವಾರ ಎಲ್ಲಿ ಹೋಗಿದ್ದೆ?"

"ಎಲ್ಲೂ ಇಲ್ಲ. ಟ್ಯಾಗ್ ಇಲ್ಲದೆ ತಿರುಗೋದು ರೂಢಿ ಮಾಡ್ತಿದ್ದೆ. ಮೊದಲು ಮಾರ್ಕೆಟ್ಟು, ಆಮೇಲೆ ಮಾಮೂಲ್‌ಪೇಟೆ. ಇವತ್ತು ಇಲ್ಲೀವರೆಗೆ ನಡೆದೇ ಬಂದೆ. ದಾರೀಲಿ ಇಬ್ಬರು ಯಾವ ಕಂಟ್ರಿ ಅಂತ ಕೇಳಿದ್ರು."

"ಎಂತ ಹೇಳಿದೆ?"

"ಪಿನ್ ಕೋಡ್ ಹೇಳಿದೆ."

ಎಡಗೆನ್ನೆಯ ಗುಳಿ ಮತ್ತೆ ಕಂಡಿತು. ಈ ಸಲ ನಾಗವೇಣಿ ಕಣ್ಣು ತಪ್ಪಿಸಲಿಲ್ಲ.

"ಇನ್ನೊಂದು ಸಲಹೆ ಉಳಿದಿತ್ತು," ಎಂದ. "ಹನ್ನೆರಡನೇದು. ಹೇಳ್ಲಾ ಬೇಡ್ವಾ?"

"ಎಲ್ಲರಿಗೂ ಹೇಳೋದಾ, ನನಗೆ ಮಾತ್ರನಾ?"

ಪರಶುರಾಮ ಕಟ್ಟು ಬಿಚ್ಚಿದ. ಒಳಗೆ ಒಗೆದು ಇಸ್ತ್ರಿ ಮಾಡಿದ ತಿಳಿ ನೀಲಿ ಅಂಗಿ. ಹಳೆಯದು. ಕಾಲರಿನ ಎರಡೂ ಬದಿ, ಆರು ವರ್ಷ ಟ್ಯಾಗಿನ ಪಟ್ಟಿ ಉಜ್ಜಿದ ಕಡೆ, ನೂಲು ಸವೆದು ಬಿಳಿ ಗೆರೆ ಎದ್ದಿತ್ತು.

"ನಿನಗೆ ಮಾತ್ರ," ಎಂದ. "ನಮ್ಮೋರ ಮನೇಲಿ ಕೌದಿ ಇದ್ದೇ ಇರುತ್ತೆ ಅಂತ ತಂದೆ. ಆ ನಾಲ್ಕನೇ ಮೂಲೆಗೆ ಇದನ್ನ ಹಚ್ಚು."

ತನಗೆ ಮಾತ್ರ ಎಂದ ಯಾವುದನ್ನೂ ಈ ಊರಿನಲ್ಲಿ ಅವಳು ಒಪ್ಪಿಕೊಂಡಿರಲಿಲ್ಲ. ಅಂಗಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಿಳಿ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದಳು. ಮಾತು ಬೈಗುಳವಾಗಿಯೇ ಬಂತು.

"ಹೊಸದು ಒಂದು ತರಬಾರದಿತ್ತಾ ಜಿಪುಣಾ?"

"ಹೊಸ ಬಟ್ಟೆ ಕೌದಿಗೆ ಹಾಕ್ತಾರಾ? ನಿಮ್ಮ ಅವ್ವ ಕೇಳಿದ್ರೆ ಇಬ್ಬರಿಗೂ ಬೈತಾರೆ."

ಕತ್ತರಿ, ಸೂಜಿ, ದಾರ ತಂದು ಅವಳು ಬಾಲ್ಕನಿಯ ನೆಲದ ಮೇಲೆ ಕುಳಿತಳು. ಕಾಲರನ್ನೇ ಮೊದಲು ಕತ್ತರಿಸಿದಳು. ಸವೆದ ಗೆರೆ ಹೂವಿನ ಹೊರ ಎಸಳಾಗಿ, ಎಲ್ಲರಿಗೂ ಕಾಣುವಂತೆ ಮಡಿಚಿದಳು. ಪರಶುರಾಮ ಪಕ್ಕದಲ್ಲಿ ಕುಳಿತು ಕೌದಿಯ ಮೂಲೆ ಹಿಡಿದುಕೊಂಡ. ಅವನ ಬೆರಳು ಅವಳ ಬೆರಳಿಗೆ ತಾಗಿತು. ಅಲ್ಲೇ ಉಳಿಯಿತು.

ಬೀದಿಯಲ್ಲಿ ಹೂವಿನ ಗಾಡಿಯವಳು ನಿಂತು ಮೇಲೆ ನೋಡಿದಳು. ಎದುರು ಮನೆಯ ಕಿಟಕಿ ತೆರೆಯಿತು. ವಾಕಿಂಗ್ ಹೊರಟ ಗಂಡ ಹೆಂಡತಿ ನಡಿಗೆ ನಿಧಾನ ಮಾಡಿದರು.

"ನೋಡ್ತಿದ್ದಾರೆ," ಎಂದ ಪರಶುರಾಮ.

"ನೋಡ್ಲಿ," ಎಂದು ನಾಗವೇಣಿ ಸೂಜಿಯನ್ನು ಅವನ ಕೈಗಿತ್ತಳು. "ನೀ ದಾರ ಪೋಣಿಸು."