ಪೋಲ್ಕ್ ಬೀದಿಯ ಕುರುಡು ಟ್ಯಾಕ್ಸಿ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಬೆಳಿಗ್ಗೆ ಏಳೂ ನಲವತ್ತಕ್ಕೆ ತುರ್ತು ಸಹಾಯವಾಣಿಗೆ ಕರೆ ಬಂತು. ಪೋಲ್ಕ್ ಬೀದಿಯ ಇಳಿಜಾರಿನಲ್ಲಿ ಸೈಕಲ್ ಸವಾರಳೊಬ್ಬಳು ನಿಂತ ಟ್ಯಾಕ್ಸಿಗೆ ಗುದ್ದಿ ಬಿದ್ದಿದ್ದಾಳೆ, ಉಸಿರಿದೆ, ಬೇಗ ಬನ್ನಿ. ಕರೆ ಮಾಡಿದ ಗಂಡಸು ತನ್ನ ಹೆಸರು ಹೇಳಲಿಲ್ಲ.

ಅದೇ ದಿನ ಹತ್ತು ಗಂಟೆಗೆ ಠಾಣೆಗೆ ಎರಡನೆಯ ದೂರು ಬಂತು. ಕಿಂಗ್ಲೆಟ್ ಎಂಬ ಚಾಲಕರಿಲ್ಲದ ಟ್ಯಾಕ್ಸಿ ಕಂಪನಿಯವರು ತಮ್ಮ ಕಾರಿನ ಕ್ಯಾಮೆರಾಗಳಿಗೆ ಯಾರೋ ಬಟ್ಟೆ ಅಂಟಿಸಿ ಹಾನಿ ಮಾಡಿದ್ದಾರೆಂದು ಬರೆದುಕೊಟ್ಟಿದ್ದರು.

ಇನ್‌ಸ್ಪೆಕ್ಟರ್ ರೊವೇನಾ ತಬುವೆನಾ ಎರಡೂ ದೂರುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡಳು. ಇಪ್ಪತ್ತೆರಡು ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಪೊಲೀಸಿನಲ್ಲಿ ಕಳೆದವಳು ಅವಳು. ತಂದೆ ಮನಿಲಾದಿಂದ ಬಂದು ಇಲ್ಲಿನ ಬಂದರಿನಲ್ಲಿ ದುಡಿದವರು.

"ನೋಡಿದ್ಯಾ ಪ್ರೂಯಿಟ್?" ಎಂದಳು. "ಎರಡೂ ಒಂದೇ ಕಾರು."

ಪೇದೆ ಡೆಶಾನ್ ಪ್ರೂಯಿಟ್ ಬಗ್ಗಿ ನೋಡಿದ. "ಹುಡುಗಿ ಮೂಳೆ ಮುರ್ಕೊಂಡಿರೋದು ಅರ್ಧ ಪುಟ, ಬಾಸ್. ಕಾರಿನ ಕಣ್ಣಿಗೆ ಬಟ್ಟೆ ಅಂಟಿರೋದು ಆರು ಪುಟ."

"ನಡಿ, ಜಾಗ ನೋಡೋಣ."

ಮಂಜು ಇನ್ನೂ ಕರಗಿರಲಿಲ್ಲ. ಬಿಳಿ ಟ್ಯಾಕ್ಸಿ ಸೈಕಲ್ ಪಥಕ್ಕೆ ಅಡ್ಡವಾಗಿ, ಮೂತಿಯನ್ನು ಪಾದಚಾರಿ ಕಟ್ಟೆಗೆ ಒತ್ತಿಕೊಂಡು ನಿಂತಿತ್ತು. ಅದರ ಹಿಂದಿನ ಗಾಜು ಒಡೆದಿತ್ತು. ಸೈಕಲ್ಲಿನ ಮುಂದಿನ ಚಕ್ರ ಎಂಟರ ಅಂಕಿಯಂತೆ ತಿರುಚಿಕೊಂಡಿತ್ತು. ಪ್ರೂಯಿಟ್ ಟೇಪು ಹಿಡಿದು ಅಳೆದ, ಫೋಟೊ ತೆಗೆದ. ಎದುರಿನ ಡೋನಟ್ ಅಂಗಡಿಯ ಇಬ್ಬರನ್ನು ಸಾಕ್ಷಿಗಳಾಗಿ ನಿಲ್ಲಿಸಿಕೊಂಡು ಮಹಜರು ಬರೆದರು.

ಕಾರಿನ ಮುಂಭಾಗದ ಕ್ಯಾಮೆರಾಗಳ ಮೇಲೂ ಚಾವಣಿಯಲ್ಲಿ ಸುತ್ತಲೂ ನೋಡುವ ಸಂವೇದಕದ ಗುಮ್ಮಟದ ಮೇಲೂ ಕೆಂಪು ಬಟ್ಟೆಯ ತುಂಡುಗಳಿದ್ದವು. ತಬುವೆನಾ ಕೈಗವಸು ಹಾಕಿಕೊಂಡು ಒಂದನ್ನು ಮುಟ್ಟಿದಳು. ನೇಯ್ದ ಬಟ್ಟೆಯಲ್ಲ, ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಫೆಲ್ಟು. ಅಂಚುಗಳನ್ನು ಅಳತೆ ಹಿಡಿದು ಕತ್ತರಿಸಲಾಗಿತ್ತು. ಪುಂಡ ಹುಡುಗರ ಅವಸರದ ಕೆಲಸ ಹೀಗಿರುವುದಿಲ್ಲ.

ಕಂಪನಿಯ ವಕೀಲ ಗ್ರೇಡನ್ ಪೈಕ್ ಅಲ್ಲಿಗೇ ಬಂದ.

"ಕಾರು ಎಲ್ಲಿಂದ ಬರ್ತಿತ್ತು?" ತಬುವೆನಾ ಕೇಳಿದಳು.

"ಮೇಲಿನ ಸಿಗ್ನಲ್ಲಲ್ಲಿ ನಿಂತಿತ್ತು. ಯಾರೋ ಎಡಗಡೆಯಿಂದ ಬಂದು ಇದನ್ನೆಲ್ಲ ಅಂಟಿಸಿದಾರೆ. ಕೊನೇ ತುಂಡು ಅಂಟಿಸೋ ಹೊತ್ತಿಗೆ ಹಸಿರು ಬಿದ್ದಿದೆ. ಕಾರು ಹೊರಟಿದೆ. ಆಮೇಲೆ ಕಣ್ಣು ಕಾಣ್ತಿಲ್ಲ ಅಂತ ಅದಕ್ಕೆ ಗೊತ್ತಾಗಿ, ಸುರಕ್ಷಿತವಾಗಿ ಪಕ್ಕಕ್ಕೆ ಬಂದು ನಿಂತಿದೆ."

"ಸುರಕ್ಷಿತವಾಗಿ ಅಂದ್ರೆ ಸೈಕಲ್ ಪಥದಲ್ಲಾ?"

"ಪಕ್ಕ ಅಂದ್ರೆ ಅದೇ ತಾನೆ ಇರೋದು, ಮೇಡಂ."

"ಹಿಂದೆ ಇಳಿಜಾರಲ್ಲಿ ಬರ್ತಿದ್ದ ಹುಡುಗಿ ಅದಕ್ಕೆ ಕಾಣ್ಲಿಲ್ವಾ?"

ಪೈಕ್ ಕೋಟಿನ ಗುಂಡಿ ಹಾಕಿಕೊಂಡ. "ಕಾರು ತನ್ನ ನಿಯಮದ ಪ್ರಕಾರ ನಡ್ಕೊಂಡಿದೆ. ತಪ್ಪು ಮಾಡಿದೋನು ಬಟ್ಟೆ ಅಂಟಿಸಿದೋನು. ಈ ತಿಂಗಳಲ್ಲಿ ಹಿಂಗೇ ನಮ್ಮ ಎಷ್ಟೋ ಕಾರು ನಿಲ್ಸಿದಾನೆ."

"ಮುಖ ಸಿಕ್ಕಿದ್ಯಾ?"

"ತೋಳು ಮಾತ್ರ. ಬೂದು ಸ್ವೆಟರ್."

ಗಾಯಗೊಂಡವಳ ಹೆಸರು ಟಿಯಾನಾ ಬ್ರೂಸಾರ್ಡ್, ವಯಸ್ಸು ಇಪ್ಪತ್ತೇಳು. ನಗರದ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಮಾರನೆಯ ಮಧ್ಯಾಹ್ನ ವೈದ್ಯರು ಮಾತಾಡಲು ಅನುಮತಿ ಕೊಟ್ಟರು. ಬಲ ಭುಜದ ಕೀಲು ಪುಡಿಯಾಗಿದೆ, ಕೈ ಇನ್ನು ತಲೆಯ ಮೇಲಕ್ಕೆ ಏಳುವುದು ಕಷ್ಟ ಎಂದು ಅವರು ಬಾಗಿಲ ಹೊರಗೇ ತಬುವೆನಾಗೆ ಹೇಳಿದ್ದರು. ಟಿಯಾನಾಗೆ ಅದನ್ನಿನ್ನೂ ತಿಳಿಸಿರಲಿಲ್ಲ.

"ಏನು ನೆನಪಿದೆಯಮ್ಮ?"

"ಕಾರು ನನ್ನ ಪಕ್ಕದಲ್ಲೇ ಹೋಗ್ತಿತ್ತು. ಇದ್ದಕ್ಕಿದ್ದಂಗೆ ನನ್ನ ಮುಂದೆ ಬಂತು. ಬ್ರೇಕ್ ಹಿಡ್ದೆ. ಅಷ್ಟೇ."

"ಆಮೇಲೆ?"

"ಒಬ್ಬರು ಬಂದ್ರು. ವಯಸ್ಸಾದೋರು. ಸ್ವೆಟರ್ ಬಿಚ್ಚಿ ನನ್ನ ತಲೆ ಕೆಳಗೆ ಇಟ್ರು. ನಿದ್ದೆ ಮಾಡ್ಬೇಡ, ಮಾತಾಡ್ತಾ ಇರು ಅಂದ್ರು. ಆಂಬುಲೆನ್ಸ್ ಬರೋವರೆಗೂ ಕೈ ಬಿಡ್ಲೇ ಇಲ್ಲ."

"ಯಾವ ಬಣ್ಣದ ಸ್ವೆಟರ್?"

"ಬೂದು."

ಪ್ರೂಯಿಟ್ ಬರೆಯುವುದನ್ನು ನಿಲ್ಲಿಸಿ ತಬುವೆನಾಳ ಕಡೆ ನೋಡಿದ. ಅವಳ ಮುಖ ಬದಲಾಗಲಿಲ್ಲ.

"ಆ ಮನುಷ್ಯನ್ನ ಗುರುತಿಸೋಕೆ ಬೇರೇನಾದ್ರೂ?"

ಟಿಯಾನಾ ಕಣ್ಣು ಮುಚ್ಚಿ ಯೋಚಿಸಿದಳು. "ನಾನು ಮಾತಾಡಿದಾಗೆಲ್ಲ ಬಲಗಿವಿ ನನ್ನ ಬಾಯಿ ಹತ್ರ ತರ್ತಿದ್ರು. ಎಡಗಿವಿ ಕೇಳ್ಸಲ್ಲ ಅನ್ಸತ್ತೆ. ಪಾಪ, ನನಗಿಂತ ಅವರೇ ಜಾಸ್ತಿ ನಡುಗ್ತಿದ್ರು."

ಹೊರಗೆ ಬಂದ ಮೇಲೆ ಪ್ರೂಯಿಟ್ ಲಿಫ್ಟಿನ ಗುಂಡಿ ಒತ್ತಿದ. "ಬೀಳ್ಸಿದೋನೇ ಎತ್ತಿದಾನೆ, ಬಾಸ್."

"ಎತ್ತಿದಾನೆ. ಆದ್ರೆ ಪೊಲೀಸರು ಬರೋವರೆಗೆ ನಿಂತ್ಕೊಂಡಿಲ್ಲ."

ಸ್ವೆಟರ್ ಆಂಬುಲೆನ್ಸ್‌ನಲ್ಲೇ ಉಳಿದಿತ್ತು. ಅದರ ಜೇಬಿನಲ್ಲಿ ಕೆಮ್ಮಿನ ಮಿಠಾಯಿ ಮತ್ತು ಕೆಂಪು ಫೆಲ್ಟಿನ ಒಂದು ಚೂರು ಬಿಟ್ಟರೆ ಬೇರೇನೂ ಇರಲಿಲ್ಲ. ಕರೆ ಬಂದದ್ದು ಡೋನಟ್ ಅಂಗಡಿಯ ಫೋನಿನಿಂದ. ಕೌಂಟರಿನ ಹೆಂಗಸಿಗೆ ಅವನ ಮುಖ ಸರಿಯಾಗಿ ನೆನಪಿರಲಿಲ್ಲ.

ಫೆಲ್ಟಿನ ಜಾಡು ಹಿಡಿಯಲು ಎರಡು ದಿನ ಬೇಕಾಯಿತು. ಕರಕುಶಲ ಸಾಮಾನಿನ ಅಂಗಡಿಯವರು ಇದು ನಮ್ಮಲ್ಲಿ ಸಿಗುವುದಲ್ಲ ಎಂದರು. ಟೋಪಿ ಮಾಡುವವನೊಬ್ಬ ಬೆರಳಲ್ಲಿ ಹೊಸಕಿ, ಇಷ್ಟು ಬಿಗಿಯಾದದ್ದು ಪಿಯಾನೋದೊಳಗೆ ಹಾಕುತ್ತಾರೆ, ಅಲ್ಲಿ ವಿಚಾರಿಸಿ ಎಂದ. ಶುಕ್ರವಾರ ಬೆಳಿಗ್ಗೆ ಇಬ್ಬರೂ ಪಿಯಾನೋ ಬಿಡಿಭಾಗ ಮಾರುವ ಹನ್ನಾ ಲಿಂಡ್‌ಕ್ವಿಸ್ಟ್ ಅಂಗಡಿಗೆ ಹೋದರು. ಎಪ್ಪತ್ತು ದಾಟಿದ ಹೆಂಗಸು ಸ್ಟೂಲಿನ ಮೇಲೆ ಕುಳಿತು ಸೇಬು ಹೆಚ್ಚುತ್ತಿದ್ದಳು.

"ನಮ್ಮದೇ," ಎಂದಳು ತುಂಡನ್ನು ನೋಡಿ. "ಶ್ರುತಿ ಮಾಡೋರು ತಂತಿಗಳ ಮಧ್ಯೆ ಇಡ್ತಾರೆ. ಒಂದು ತಂತಿ ಮಾತಾಡುವಾಗ ಪಕ್ಕದ್ದು ಬಾಯಿ ಮುಚ್ಚಿಕೊಂಡಿರ್ಲಿ ಅಂತ."

"ಯಾರ್ಯಾರು ಕೊಳ್ತಾರೆ?"

"ಊರಲ್ಲಿರೋ ಶ್ರುತಿಗಾರರೆಲ್ಲ."

"ಅವರಲ್ಲಿ ಒಂದು ಕಿವಿ ಕೇಳಿಸ್ದೇ ಇರೋರು?"

ಲಿಂಡ್‌ಕ್ವಿಸ್ಟ್ ನಕ್ಕಳು. "ಕಿವಿ ಕೇಳಿಸ್ದೇ ಇರೋನು ಪಿಯಾನೋ ಶ್ರುತಿ ಮಾಡ್ತಾನಾ? ಕಾಲಿಲ್ದೇ ಇರೋನ ಕುಣಿಯೋಕೆ ಕರ್ದಂಗಾಯ್ತು." ನಗು ಅರ್ಧದಲ್ಲೇ ನಿಂತಿತು. ಅವಳು ಚಾಕುವನ್ನು ಕೆಳಗಿಟ್ಟಳು. "ಏನು ಮಾಡಿದಾನೆ ಅವನು?"

"ಯಾರು?"

"ವಾಹೆ. ವಾಹೆ ಟೆರ್ಜಿಯನ್. ಸೈಕಲ್ಲಿನಿಂದ ಬಿದ್ದು ಕಿವಿ ಹೋಯ್ತು. ಕೆಲಸ ಬಿಟ್ಟು ಒಂದೂವರೆ ವರ್ಷ ಆಯ್ತು. ಆದ್ರೂ ಬಂದು ಕೆಂಪು ಫೆಲ್ಟು ತಗೊಂಡು ಹೋಗ್ತಾನೆ. ಯಾಕಪ್ಪಾ ನಿನಗಿದು ಅಂತ ನಾನು ಕೇಳ್ಲಿಲ್ಲ. ಕೇಳಿದ್ರೆ ಎಲ್ಲಿ ಅತ್ತುಬಿಡ್ತಾನೋ ಅಂತ."

ಪ್ರೂಯಿಟ್ ಕಾರು ಓಡಿಸಿದ. ಟೆರ್ಜಿಯನ್ ಮನೆಯಿದ್ದ ಸನ್‌ಸೆಟ್ ಬಡಾವಣೆ ಹತ್ತಿರವಾದಾಗ, "ಆ ಹೆಸರು ನನಗೆ ಗೊತ್ತು, ಬಾಸ್," ಎಂದ.

"ಹೆಂಗೆ?"

"ಅವನು ಸೈಕಲ್ಲಿಂದ ಬಿದ್ದಾಗ ದೂರು ಬರ್ಕೊಂಡಿದ್ದು ನಾನೇ."

ಬಾಗಿಲು ತೆರೆದವನಿಗೆ ಅರವತ್ತರ ಆಸುಪಾಸು. ತೆಳ್ಳನೆಯ ಮೈ, ಬಿಳಿ ಮೀಸೆ, ಅಗಲವಾದ ಬೆರಳುಗಳು. ತಬುವೆನಾ ಬಿಲ್ಲೆ ತೋರಿಸಿದಳು. ಅವನು ಬಿಲ್ಲೆಯನ್ನು ನೋಡದೆ ಹಿಂದೆ ನಿಂತ ಪೇದೆಯನ್ನು ನೋಡಿದ.

"ನೀನೇ ಅಲ್ವಾ?" ಎಂದ.

"ಹೌದು ಸರ್."

"ಒಳಗೆ ಬನ್ನಿ."

ಮುಂದಿನ ಕೋಣೆಯಲ್ಲಿ ಮುಚ್ಚಳ ತೆಗೆದ ಹಳೆಯ ಪಿಯಾನೋ ಇತ್ತು. ಅವನು ಬಲಗಿವಿ ಅವರ ಕಡೆಗಿರುವಂತೆ ಕುರ್ಚಿಯನ್ನು ತಿರುಗಿಸಿಕೊಂಡು ಕುಳಿತ. ಸುಮ್ಮನಿರುವ ಹಕ್ಕು, ವಕೀಲರನ್ನು ಕರೆಸುವ ಹಕ್ಕು ಎಲ್ಲವನ್ನೂ ತಬುವೆನಾ ಓದಿ ಹೇಳಿದಳು. ಅವನು ತಲೆಯಾಡಿಸಿದ.

"ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ?"

"ಪೋಲ್ಕ್ ಬೀದೀಲಿ."

"ಏನು ಮಾಡಿದ್ರಿ?"

"ನಿಮಗೆ ಗೊತ್ತಿದೆ. ಆ ಹುಡುಗಿ ಹೆಂಗಿದಾಳೆ?"

"ಮೊದಲು ನನ್ನ ಪ್ರಶ್ನೆ."

"ಬಟ್ಟೆ ಅಂಟಿಸ್ದೆ. ಯಾವಾಗ್ಲೂ ಕಾರು ಸಿಗ್ನಲ್ಲಲ್ಲೇ ನಿಂತ್ಕೊಂಡ್ಬಿಡೋದು. ದೀಪ ಮಿಣಿಮಿಣಿ ಅಂತ ಕೂತಿರೋದು. ಕಂಪನಿಯೋರು ಬಂದು ತೆಗಿಯೋವರೆಗೂ ಅಲ್ಲಾಡ್ತಿರ್ಲಿಲ್ಲ. ಈ ಸಲ ಹೊರಟುಹೋಯ್ತು. ನಾನು ಹಿಂದೆ ಓಡ್ದೆ. ಕಾರಿನ ಹಿಂಬದಿಗೆ ಬಡ್ದೆ. ಯಾರಿಗೆ ಕೇಳ್ಸುತ್ತೆ, ಒಳಗೆ ಯಾರಿದಾರೆ?" ಅವನು ಮುಂದಕ್ಕೆ ಬಾಗಿದ. "ಹೆಂಗಿದಾಳೆ ಹೇಳಿ."

"ಬದುಕಿದಾಳೆ. ಭುಜ ಪುಡಿಯಾಗಿದೆ. ಮಕ್ಕಳಿಗೆ ಈಜು ಕಲಿಸೋಳು. ಇನ್ನು ಕಲಿಸೋಕಾಗುತ್ತೋ ಇಲ್ವೋ."

ಟೆರ್ಜಿಯನ್ ತನ್ನ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ಅವುಗಳನ್ನೇ ನೋಡುತ್ತ ಕುಳಿತ. ಬೀದಿಯ ಕೊನೆಯಲ್ಲಿ ಟ್ರಾಮ್ ಹೋದ ಸದ್ದು ಕೇಳಿಸಿತು.

"ಯಾಕೆ ಅಂಟಿಸ್ತಿದ್ರಿ?" ತಬುವೆನಾ ಕೇಳಿದಳು.

ಅವನು ಹೇಳಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಹಿಂದಿನ ವರ್ಷದ ಮಾರ್ಚಿನಲ್ಲಿ ಒಂದು ಮನೆಯ ಪಿಯಾನೋ ನೋಡಲು ಸೈಕಲ್ಲಿನಲ್ಲಿ ಹೊರಟಿದ್ದ. ಕಿಂಗ್ಲೆಟ್ ಟ್ಯಾಕ್ಸಿಯೊಂದು ಸೈಕಲ್ ಪಥದ ಅಂಚಿನಲ್ಲೇ ನಿಂತಿತು. ಒಳಗಿದ್ದವನು ಹಿಂದೆ ನೋಡದೆ ಬಾಗಿಲು ತೆರೆದ. ಟೆರ್ಜಿಯನ್ ಬಾಗಿಲಿಗೆ ಹೊಡೆದು, ಎಗರಿ, ಎಡಗಡೆ ತಲೆ ಡಾಂಬರಿಗೆ ಅಪ್ಪಳಿಸಿ ಬಿದ್ದ.

"ಇಳಿದೋನು ಫೋನಲ್ಲಿದ್ದ. 'ಸಾರಿ' ಅಂದ, ಹೋದ. ಅದನ್ನೂ ತಡ್ಕೊಳ್ಬಹುದು. ಮನುಷ್ಯ ಓಡ್ತಾನೆ. ಹೆದರ್ತಾನೆ. ಆದ್ರೆ ಕಾರು..." ಅವನು ಕೈಯಲ್ಲಿ ಬಾಗಿಲು ಮುಚ್ಚುವಂತೆ ತೋರಿಸಿದ. "ಬಾಗಿಲು ತಾನಾಗೇ ಮುಚ್ಕೊಂಡಿತು. ನನ್ನ ಕಾಲು ಚಕ್ರದ ಹತ್ರ ಇತ್ತು. ಆ ಕಾರಿಗೆ ನಾನು ಕಂಡೆ. ಕಂಡಿದ್ರಿಂದಲೇ ತಾನೆ, ಕಾಲು ತುಳೀದೆ ಎಷ್ಟು ನಾಜೂಕಾಗಿ ಪಕ್ಕಕ್ಕೆ ತಿರುಗಿಸ್ಕೊಂಡು ಹೋಯ್ತು. ಇನ್ನೊಬ್ಬರನ್ನ ಹತ್ತಿಸ್ಕೊಳ್ಳೋಕೆ. ಕಲ್ಲು ಬಿದ್ದಿದ್ರೂ ಹಂಗೇ ತಿರುಗಿಸ್ಕೊಂಡು ಹೋಗ್ತಿತ್ತು."

ಅವನು ಪ್ರೂಯಿಟ್ ಕಡೆ ಬೆರಳು ತೋರಿಸಿದ.

"ಠಾಣೆಗೆ ಬಂದೆ. ಈತ ಕೂತಿದ್ದ. ಒಳ್ಳೇ ಹುಡುಗ, ನೀರು ಕೊಟ್ಟ. ಡ್ರೈವರ್ ಇಲ್ಲ ಸರ್, ಯಾರ ಹೆಸರಲ್ಲಿ ದಂಡ ಹಾಕ್ಲಿ ಅಂದ. ಇಳಿದೋನು ಪ್ರವಾಸಕ್ಕೆ ಬಂದಿದ್ದೋನು, ಅಷ್ಟೊತ್ತಿಗೆ ದೇಶ ಬಿಟ್ಟಿದ್ದ. ಕಂಪನಿಗೆ ಫೋನ್ ಮಾಡ್ದೆ. ಒಂದು ದನಿ ತುಂಬಾ ವಿಷಾದಿಸ್ತೀವಿ ಅಂತು. ಅದೂ ಯಂತ್ರಾನೇ."

ಪ್ರೂಯಿಟ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ನಾನು ಹೇಳಿದ್ದು ಸುಳ್ಳಲ್ಲ ಸರ್. ಕಾನೂನು ಹಂಗಿತ್ತು."

"ಸುಳ್ಳು ಅಂತ ನಾನಂದ್ನಾ? ನಿಜವೇ ಅಂದಿದ್ದು ನೀನು. ಅದಕ್ಕೇ ಮನೆಗೆ ಬಂದ ಮೇಲೂ ಮಲಗೋಕಾಗ್ಲಿಲ್ಲ."

ಅವನು ಎದ್ದು ಪಿಯಾನೋದ ಒಂದು ಕೀಲಿಯನ್ನು ಒತ್ತಿದ. "ಎರಡು ತಂತಿ ಒಂದಕ್ಕೊಂದು ಕೂಡದಿದ್ರೆ ಸ್ವರ ಅಲೆ ಅಲೆಯಾಗಿ ನಡುಗುತ್ತೆ. ಆ ಅಲೆ ಕೇಳ್ಸಿದ್ರೆ ತಾನೆ ಶ್ರುತಿ ಸೇರ್ಸೋಕಾಗೋದು. ಈಗ ಎಡಗಿವಿ ಸತ್ತಿದೆ, ಒಳಗೆ ಸದಾ ಒಂದು ಶಿಳ್ಳೆ. ಆ ಶಿಳ್ಳೇಲಿ ಅಲೆಯೆಲ್ಲ ಮುಳುಗಿಹೋಗುತ್ತೆ. ಮೂವತ್ತೈದು ವರ್ಷದ ಕೆಲಸ. ಆ ಕಾರುಗಳನ್ನ ಒಂದು ಗಂಟೆ ನಿಲ್ಸಿದ್ರೆ ನನಗೆ ಒಂದು ಗಂಟೆ ಸಮಾಧಾನ. ಯಾರಿಗೂ ಏಟಾಗಲ್ಲ ಅಂದ್ಕೊಂಡಿದ್ದೆ."

"ಆಂಬುಲೆನ್ಸ್ ಬಂದ ಮೇಲೆ ಯಾಕೆ ಹೋದ್ರಿ?"

"ಹೆದರಿಕೆ. ಎರಡು ಬೀದಿ ದಾಟಿ ಬಂದ ಮೇಲೆ ಗೊತ್ತಾಯ್ತು, ಆ ಕಾರು ಮಾಡಿದ್ದನ್ನೇ ನಾನೂ ಮಾಡ್ದೆ ಅಂತ. ತಿರುಗಿಸ್ಕೊಂಡು ಹೋದೆ."

ಸಂಜೆ ನಾಲ್ಕೂ ಹತ್ತಕ್ಕೆ ವಾಹೆ ಟೆರ್ಜಿಯನ್‌ನನ್ನು ಬಂಧಿಸಲಾಯಿತು. ಸ್ವತ್ತಿಗೆ ಹಾನಿ ಮತ್ತು ಅಪಾಯಕರ ಕೃತ್ಯದಿಂದ ತೀವ್ರ ಗಾಯ, ಇವೆರಡೂ ಅವನ ಮೇಲಿನ ಆರೋಪಗಳು. ಅಡುಗೆಮನೆಯಿಂದ ಫೆಲ್ಟಿನ ಸುರುಳಿ, ಕತ್ತರಿ ಮತ್ತು ಅಂಟನ್ನು ವಶಪಡಿಸಿಕೊಂಡರು. ಕೈಕೋಳ ಹಾಕುವಾಗ ಪ್ರೂಯಿಟ್‌ನ ಕೈಯಲ್ಲಿ ಎರಡು ಸಲ ಬೀಗ ಸರಿಯಾಗಿ ಕೂರಲಿಲ್ಲ. ಟೆರ್ಜಿಯನ್ ಅವನಿಗೆ ಅನುಕೂಲವಾಗಲೆಂದು ಮಣಿಕಟ್ಟನ್ನು ತಿರುಗಿಸಿ ಹಿಡಿದ.

ಗ್ರೇಡನ್ ಪೈಕ್ ಫೋನ್ ಮಾಡಿ ಅಭಿನಂದನೆ ಹೇಳಿದ. ಆ ದಿನ ಕಾರು ಸೈಕಲ್ ಪಥಕ್ಕೆ ಏಕೆ ನುಗ್ಗಿತು ಎಂಬುದರ ಪೂರ್ತಿ ದಾಖಲೆ ಬೇಕೆಂದು ತಬುವೆನಾ ಕೇಳಿದಾಗ, ನ್ಯಾಯಾಲಯದ ಆದೇಶ ತನ್ನಿ ಎಂದು ಫೋನ್ ಇಟ್ಟ. ಅವಳು ಅಂದೇ ಆದೇಶಕ್ಕೆ ಅರ್ಜಿ ಬರೆದಳು. ಅದು ಸಿಗುತ್ತದೆಂಬ ಭರವಸೆ ಅವಳಿಗೆ ಹೆಚ್ಚಿರಲಿಲ್ಲ.

ಹೇಳಿಕೆ ಮುಗಿದ ಮೇಲೆ ಅವಳು ಟೆರ್ಜಿಯನ್‌ಗೆ, "ವಕೀಲರು ಬಂದ ಮೇಲೆ ತಪ್ಪು ಒಪ್ಕೊಂಡಿದ್ದು ಹಿಂದಕ್ಕೆ ತಗೋ ಅಂತಾರೆ. ನಿಮ್ಮ ಪರವಾಗಿ ವಾದಿಸೋಕೆ ಬೇಕಾದಷ್ಟಿದೆ. ಕಾರಿನ ತಪ್ಪು ಅಂತಲೂ ಹೇಳ್ಬಹುದು," ಎಂದಳು. ಪೊಲೀಸರು ಹೇಳುವ ಮಾತಲ್ಲ ಅದು. ಅವಳಿಗೂ ಅದು ಗೊತ್ತಿತ್ತು.

ಟೆರ್ಜಿಯನ್ ತಲೆಯಲ್ಲಾಡಿಸಿದ.

"ಬೇಡ. ನ್ಯಾಯಾಲಯದಲ್ಲಿ ಆ ಹುಡುಗಿ ಕಣ್ಣೆದುರಿಗೆ ನಿಲ್ತೀನಿ. ನಾನೇ ಮಾಡಿದ್ದು ಅಂತ ಹೇಳ್ತೀನಿ. ಅವಳಿಗಾದ್ರೂ ಬೈಯೋಕೆ ಒಬ್ಬ ಮನುಷ್ಯ ಇರ್ಲಿ."

ತಬುವೆನಾ ಆ ಮಾತನ್ನು ಹೇಳಿಕೆಯ ಕೊನೆಗೆ ಸೇರಿಸಿದಳು. ಅವನು ಓದಿ ನೋಡಿ ಅದರ ಕೆಳಗೆ ತನ್ನ ಪೂರ್ತಿ ಹೆಸರು ಬರೆದ.