ಹಿಂದೆ ಹಿಂದೆ ನಡೆದು ಸಮುದ್ರ ದಾಟಿದವಳು

ಬಹುಕಾಲದ ಹಿಂದೆ, ಬಾಲ್ಟಿಕ್ ಎಂಬ ತಣ್ಣನೆಯ ಸಮುದ್ರದ ದಡದಲ್ಲಿ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಲೀವಾಲಿನ್ ಎಂಬ ಒಂದೇ ಬಂದರು. ಬೇಸಗೆಯಲ್ಲಿ ನಾಲ್ಕು ದಿಕ್ಕಿನ ಹಡಗುಗಳೂ ಅಲ್ಲಿಗೆ ಬಂದು, ಉಪ್ಪು ಇಳಿಸಿ ಧಾನ್ಯ ಹೇರಿಕೊಂಡು ಹೋಗುತ್ತಿದ್ದವು. ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟಿ ಜನ ನೀರಿನ ಮೇಲೆ ನಡೆದಾಡುತ್ತಿದ್ದರು.

ಕೋಟೆಗೋಡೆಯ ಹೊರಗೆ ಹಗ್ಗ ಹೊಸೆಯುವವರ ಉದ್ದನೆಯ ಓಣಿ. ಅಲ್ಲಿ ಕಾದ್ರಿ ಎಂಬ ಮುದುಕಿ ರಾಟೆ ತಿರುಗಿಸುತ್ತಿದ್ದಳು. ಅವಳ ಸೊಸೆ ಮಾರೆತ್ ಸೊಂಟಕ್ಕೆ ಸೆಣಬಿನ ನಾರು ಸುತ್ತಿ, ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಬೆರಳ ಸಂದಿನಿಂದ ನಾರು ಬಿಡುತ್ತ ಹಿಂದೆ ಹಿಂದೆ ನಡೆಯುತ್ತಿದ್ದಳು. ಹಗ್ಗ ಹೊಸೆಯುವವರ ನಡಿಗೆಯೇ ಹಾಗೆ. ಕಣ್ಣು ರಾಟೆಯ ಕಡೆ, ಬೆನ್ನು ಹೋಗುವ ಕಡೆ.

"ನನ್ನ ಸೊಸೆ ಮದುವೆಗೂ ಬೆನ್ನು ಮುಂದು ಮಾಡಿಕೊಂಡೇ ಬಂದಳು," ಎಂದು ಕಾದ್ರಿ ನೆರೆಯವರೆದುರು ಆಡಿಕೊಳ್ಳುತ್ತಿದ್ದಳು.

"ನಿಮ್ಮ ಮಗನ ಮುಖ ಮೊದಲೇ ಕಂಡಿದ್ದರೆ ಬರುತ್ತಲೇ ಇರಲಿಲ್ಲ ಅತ್ತೆ," ಎನ್ನುತ್ತಿದ್ದಳು ಮಾರೆತ್.

ಆದರೆ ಆ ಮುಖವೆಂದರೆ ಅವಳಿಗೆ ಪ್ರಾಣ. ಗಂಡ ಹನ್ನೆಸ್ ಹಡಗಿನವನು. ಹಿಮ ಬೀಳುವ ಮೊದಲೇ ಬರುತ್ತೇನೆಂದು ಹೋದವನು ಆ ವರ್ಷ ಬರಲಿಲ್ಲ. ಅವನ ಹಡಗಷ್ಟೇ ಅಲ್ಲ, ಯಾವ ಹಡಗೂ ಬರಲಿಲ್ಲ.

ನಡುಗಡಲಿನ ದ್ವೀಪವೊಂದರಲ್ಲಿ ತುಹ್ಮ ಎಂಬ ಮಾಂತ್ರಿಕನಿದ್ದ. ಹಡಗುಗಳೆಲ್ಲ ತನ್ನನ್ನು ದಾಟಿ ಲೀವಾಲಿನ್ನಿಗೇ ಹೋಗುವುದನ್ನು ನೋಡಿ ನೋಡಿ ಅವನಿಗೆ ಹೊಟ್ಟೆಕಿಚ್ಚು ಹತ್ತಿತು. ಅವನೊಂದು ಹಿಮದ ಗೋಪುರ ಕಟ್ಟಿದ. ಅದನ್ನು ನೋಡಿದವರಿಗೆ ಅದರೊಳಗೆ ತಮ್ಮ ಊರಿಗಿಂತ ಚೆಲುವಾದ ಊರೊಂದು ಕಾಣುತ್ತಿತ್ತು. ನೋಡುತ್ತ ನೋಡುತ್ತ ಅವರು ನಿಂತಲ್ಲೇ ಹಿಮವಾಗುತ್ತಿದ್ದರು, ಅವರ ಹಡಗುಗಳೂ ಅಲ್ಲೇ ನಿಂತುಬಿಡುತ್ತಿದ್ದವು.

ಹಡಗುಗಳನ್ನು ಬಿಡಿಸಿ ತರಲು ರಾಜ ತನ್ನ ಮೂವರು ಕುಮಾರರನ್ನು ಕಳುಹಿಸಿದ. ಹಿರಿಯವನು ಕುದುರೆಯೇರಿ ಹೋದ. ಮುಂದೆ ನೋಡಿದ, ಹಿಮವಾದ. ನಡುವಿನವನು ಜಾರುಬಂಡಿಯೇರಿ ಹೋದ. ಮುಂದೆ ನೋಡಿದ, ಹಿಮವಾದ. ಕಿರಿಯವನು ಕಾಲ್ನಡಿಗೆಯಲ್ಲಿ ಹೋದ. ಅವನೂ ಮುಂದೆ ನೋಡಿದ, ಅವನೂ ಹಿಮವಾದ.

ವಸಂತ ಹತ್ತಿರವಾಯಿತು. ಹೆಪ್ಪು ಒಡೆಯುವಾಗ ಅದರ ನಡುವೆ ಸಿಕ್ಕ ಹಡಗು ಚೂರಾಗುತ್ತದೆ ಎಂಬುದು ಆ ಬಂದರಿನ ಮಕ್ಕಳಿಗೂ ತಿಳಿದಿತ್ತು.

"ಅತ್ತೆ, ನಾನು ಹೋಗಿ ಅವರನ್ನು ಕರೆತರುತ್ತೇನೆ," ಎಂದಳು ಮಾರೆತ್.

"ರಾಜಕುಮಾರರೇ ಮರಳಲಿಲ್ಲ. ನೀನು ಹೋಗಿ ಏನು ಮಾಡುತ್ತೀ?"

"ಮಂಜಿನಲ್ಲಿ ಅವರಿಗೆ ಮರಳುವ ದಾರಿ ಸಿಗಲಿಲ್ಲವೇನೋ. ನಾನು ಹಗ್ಗ ಹೊಸೆಯುತ್ತ ಹೋಗುತ್ತೇನೆ. ಈ ತುದಿ ನಿಮ್ಮ ಕೈಯಲ್ಲಿರಲಿ."

ಕಾದ್ರಿ, "ಹುರಿ ಸಡಿಲವಾದರೆ ನಾನು ಸುಮ್ಮನಿರುವವಳಲ್ಲ," ಎಂದು ರಾಟೆಯನ್ನು ಬಂದರಿನ ಅಂಚಿಗೆ ಸಾಗಿಸಿದಳು.

ಊರಿನ ಮನೆಮನೆಯವರೂ ಸೆಣಬು ತಂದುಕೊಟ್ಟರು. ಅದನ್ನು ಜಾರುಬಂಡಿಗೆ ಹೇರಿ, ಬಂಡಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಮಾರೆತ್ ಹಿಂದೆ ಹಿಂದೆ ಹೆಜ್ಜೆಯಿಟ್ಟಳು. ರಾಟೆ ತಿರುಗಿತು, ಹಗ್ಗ ಬೆಳೆಯಿತು, ಊರು ಅವಳ ಕಣ್ಣೆದುರಿನಲ್ಲಿ ಮೆಲ್ಲಮೆಲ್ಲನೆ ಚಿಕ್ಕದಾಯಿತು. ದೊಡ್ಡ ಚರ್ಚಿನ ಗೋಪುರ ಮಾತ್ರ ತಗ್ಗಿದ ಮೋಡದಲ್ಲಿ ಮುಚ್ಚಿಕೊಂಡಿತ್ತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆನ್ನ ಹಿಂದಿನಿಂದ ಕಾದ್ರಿಯ ದನಿ ಕೇಳಿಸಿತು: "ಮಗಳೇ, ನನ್ನ ಬಂಗಾರವೇ, ದಣಿದೆಯಲ್ಲ! ಇತ್ತ ತಿರುಗು ತಾಯಿ, ಬಿಸಿ ಹಾಲು ತಂದಿದ್ದೇನೆ."

ಮಾರೆತ್ ನಕ್ಕುಬಿಟ್ಟಳು. "ನನ್ನ ಅತ್ತೆ ಎದುರಿಗೆ ರಾಟೆ ತಿರುಗಿಸುತ್ತಿದ್ದಾರೆ. ಬೆನ್ನ ಹಿಂದೆ ನಿಂತು ಹೊಗಳುವವರಂತೂ ಅವರಲ್ಲ. ನೀನು ಯಾರಪ್ಪ?"

ದನಿ ಅಡಗಿತು. ಆದರೆ ಮಾರೆತ್ ಯೋಚಿಸಿದಳು: 'ತಿರುಗು ಎಂದು ಇಷ್ಟು ಬೇಡುವವನಿದ್ದಾನೆ ಎಂದರೆ, ನಾನು ತಿರುಗಲೇಬಾರದು.'

ಇನ್ನಷ್ಟು ದೂರ ಹೋದಳು. ಊರಿನ ಕಡೆಯಿಂದ ಬಿಳಿಯ ತೋಳವೊಂದು ಅವಳತ್ತ ಓಡಿಬಂದಿತು. ಮಂಜುಗಡ್ಡೆಯ ಹಲ್ಲು, ನೆಲ ಗುಡಿಸುವಷ್ಟು ಉದ್ದನೆಯ ಕೂದಲು.

"ತಿರುಗಿ ಓಡು!" ಎಂದು ತೋಳ ಗರ್ಜಿಸಿತು.

"ಓಡಿದರೆ ಹುರಿ ಬಿಚ್ಚಿಹೋಗುತ್ತದೆ," ಎಂದಳು ಮಾರೆತ್. ತೋಳ ಮೈಮೇಲೆ ಎರಗುವಷ್ಟರಲ್ಲಿ ಅದರ ಕತ್ತಿನ ಕೂದಲನ್ನು ಹಿಡಿದು ನಾರಿನೊಡನೆ ಸೇರಿಸಿದಳು. ರಾಟೆ ತಿರುಗಿತು, ಕೂದಲು ಹುರಿಯಾಯಿತು. ಕತ್ತಿನದು ಮುಗಿಯಿತು, ಬೆನ್ನಿನದು ಮುಗಿಯಿತು, ಬಾಲದ್ದೂ ಮುಗಿಯಿತು. ಆ ತೋಳದಲ್ಲಿ ಇದ್ದದ್ದೇ ಕೂದಲು ಮತ್ತು ಚಳಿ. ಕೂದಲು ಮುಗಿದಾಗ ತೋಳವೂ ಮುಗಿಯಿತು.

ಆಗ ತುಹ್ಮ ತಾನೇ ಉಸಿರು ಊದಿದ. ಮಂಜು ಎದ್ದು ಬಂದು ಊರನ್ನು ಒರೆಸಿಹಾಕಿತು. ಕಣ್ಣೆದುರಿನಲ್ಲಿ ಉಳಿದದ್ದು ಮೊಳದುದ್ದ ಹಗ್ಗ, ಅದರಾಚೆ ಬಿಳುಪು.

"ನಿನಗೆ ಊರೇ ಇಲ್ಲ," ಎಂದಿತು ಬೆನ್ನ ಹಿಂದಿನ ದನಿ. "ಎಂದೂ ಇರಲಿಲ್ಲ. ತಿರುಗು. ಅದಕ್ಕಿಂತ ಸಾವಿರ ಪಾಲು ಚೆಲುವಾದದ್ದು ಇಲ್ಲಿದೆ."

ಮಾರೆತ್‌ಳ ಹೆಜ್ಜೆ ಮೊದಲ ಬಾರಿಗೆ ತಡವರಿಸಿತು. ಕಾಣದ ಊರನ್ನು ಕಣ್ಣಲ್ಲಿ ಹಿಡಿಯುವುದು ಹೇಗೆ? ಅವಳು ಗಟ್ಟಿಯಾಗಿ ಹೇಳತೊಡಗಿದಳು.

"ಇಲ್ಲದೆ ಏನು? ಮೊದಲು ಮರಳ ದಿಬ್ಬದ ಮೇಲೆ ಬೆಸ್ತರ ಗುಡಿಸಲುಗಳಿದ್ದವು. ಆಮೇಲೆ ಮರದ ಊರಾಯಿತು. ಅದು ಸುಟ್ಟುಹೋಯಿತು, ಕಲ್ಲಿನ ಊರು ಕಟ್ಟಿದರು. ಶತ್ರುಗಳು ಬಂದು ಕೋಟೆ ಕೆಡವಿದರು. ಬಿದ್ದ ಕಲ್ಲನ್ನು ಆಯ್ದು ಧಾನ್ಯದ ಉಗ್ರಾಣ ಕಟ್ಟಿದರು. ಬಂದರಿನಲ್ಲಿ ಭಾರ ಎತ್ತುವ ಮರದ ಮಹಾಯಂತ್ರವಿದೆ. ಅದರ ಚಕ್ರದೊಳಗೆ ಆಳುಗಳು ನಡೆದರೆ ಹಡಗಿನ ಸರಕು ತಾನಾಗಿ ಮೇಲೇಳುತ್ತದೆ. ಚೌಕದಲ್ಲಿ ಔಷಧದ ಅಂಗಡಿ. ಕಹಿ ಕುಡಿದ ಮಕ್ಕಳಿಗೆ ಅಲ್ಲಿ ಬಾದಾಮಿ ಮಿಠಾಯಿ ಕೊಡುತ್ತಾರೆ. ಬಿರುಗಾಳಿಯ ಮರುದಿನ ದಡದಲ್ಲಿ ಜೇನಿನ ಬಣ್ಣದ ಅಂಬರ್ ಹರಳು ಸಿಗುತ್ತದೆ. ಬೀದಿಯಲ್ಲಿ ಮೀನಿನ ನಾತವಿದೆ, ಇಲ್ಲವೆನ್ನುವುದಿಲ್ಲ. ಆದರೆ ಲಿಂಡನ್ ಮರ ಹೂಬಿಟ್ಟು ಘಮಿಸಿದಾಗ ಅದೂ ಅಡಗುತ್ತದೆ. ದೊಡ್ಡ ಚರ್ಚಿನ ಗೋಪುರ ತುಸು ಎಡಕ್ಕೆ ವಾಲಿದೆ..."

ಅವಳ ಬೆನ್ನಿಗೆ ಹಡಗಿನ ಪಕ್ಕದ ಹಲಗೆ ತಾಗಿತು.

"ಬಲಕ್ಕೆ," ಎಂದಿತು ಮೇಲಿನಿಂದ ಒಂದು ಒರಟು ಕಂಠ.

ಅದು ಹನ್ನೆಸನ ದನಿ. ದ್ವೀಪದ ಬಳಿ ಹಿಮವಾಗಿ ನಿಂತಿದ್ದವನ ತುಟಿಯಷ್ಟೇ ಊರಿನ ಮಾತು ಕೇಳಿ ಕರಗಿತ್ತು. ಅವಳ ಮೈಯೆಲ್ಲ ತಿರುಗು ತಿರುಗು ಎಂದಿತು. ಅವಳು ತಿರುಗಲಿಲ್ಲ.

"ಎಡಕ್ಕೆ," ಎಂದಳು ಕಣ್ಣೀರು ನುಂಗಿಕೊಂಡು. "ನಾನು ದಿನವೂ ನೋಡುವವಳು."

"ನೀನು ಓಣಿಯಿಂದ ನೋಡುತ್ತೀ! ಸಮುದ್ರದಿಂದ ನೋಡಿದರೆ ಬಲಕ್ಕೆ. ಎಷ್ಟು ಸಲ ಹೇಳಿದ್ದೇನೆ ನಿನಗೆ?"

"ಹೇಳಿದರೆ ಆಯಿತೇ? ಇಳಿದು ಬಂದು ತೋರಿಸಿ."

ಹನ್ನೆಸನಿಗೆ ಎಲ್ಲಿಲ್ಲದ ಸಿಟ್ಟು ಬಂದಿತು. ಕತ್ತು ಕರಗಿತು, ಕೈ ಕರಗಿತು, ಕಾಲು ಕರಗಿತು. ಅವನು ಧುಮುಕಿ ಬಂದು, ಹಿಮದ ಗೋಪುರಕ್ಕೆ ಬೆನ್ನು ಹಾಕಿ ಅವಳ ಪಕ್ಕದಲ್ಲಿ ನಿಂತು, ಮಂಜಿನತ್ತ ಕೈಚಾಚಿದ. ಮಾರೆತ್ ಆ ಕೈಯನ್ನು ನೋಡಲಿಲ್ಲ, ಮುಖವನ್ನೇ ನೋಡಿದಳು.

ಅಷ್ಟರಲ್ಲಿ ಉಳಿದವರೂ ಬಾಯಿ ಬಿಟ್ಟರು. "ಮರದ ಊರು ಸುಟ್ಟದ್ದು ಒಂದು ಸಲವಲ್ಲ ತಂಗಿ, ಎರಡು ಸಲ!" ಎಂದ ಒಬ್ಬ ಮುದುಕ. "ಆ ಮಿಠಾಯಿ ನನಗೆ ಒಂದೇ ಒಂದು ಕೊಡುತ್ತಿದ್ದರು," ಎಂದ ಹಿರಿಯ ರಾಜಕುಮಾರ. "ನಿನಗೆ ಒಂದಾದರೂ ಸಿಕ್ಕಿತು!" ಎಂದ ಕಿರಿಯವನು. ಒಬ್ಬನ ಮಾತನ್ನು ಇನ್ನೊಬ್ಬ ತಿದ್ದುತ್ತ, ತಿದ್ದಿದವನನ್ನು ಮತ್ತೊಬ್ಬ ಗದರುತ್ತ, ಎಲ್ಲರೂ ಕರಗಿ, ಊರಿರುವ ದಿಕ್ಕಿಗೆ ಮುಖಮಾಡಿ ನಿಂತರು.

"ನನ್ನನ್ನು ನೋಡಿ! ನನ್ನ ಗೋಪುರ ನೋಡಿ!" ಎಂದು ತುಹ್ಮ ಕೂಗಿದ. ಯಾರಿಗೂ ಬಿಡುವಿರಲಿಲ್ಲ. ನೋಡುವ ಕಣ್ಣೊಂದೂ ಇಲ್ಲದ ಗೋಪುರ ಬರಿಯ ಹಿಮವಾಯಿತು, ಬಿರುಕುಬಿಟ್ಟು ಕುಸಿಯಿತು. ಅದರೊಂದಿಗೆ ತುಹ್ಮನೂ ನೀರಿಗೆ ಬಿದ್ದ ಉಪ್ಪಿನ ಹರಳಿನಂತೆ ಕರಗಿಹೋದ.

ಆ ಕುಸಿತಕ್ಕೆ ಸಮುದ್ರದ ಹೆಪ್ಪು ಹಗ್ಗದ ಗುಂಟ ಬಂದರಿನವರೆಗೂ ಸೀಳಿ ದಾರಿಯಾಯಿತು. ಎಲ್ಲರೂ ಹಡಗು ಹತ್ತಿದರು, ನಾವಿಕರು ಹಗ್ಗ ಹಿಡಿದು ಜಗ್ಗಿದರು. ಹಡಗುಗಳು ಒಂದರ ಹಿಂದೊಂದು ಮನೆಗೆ ಹೊರಟವು.

ಮಾರೆತ್ ಮೊದಲ ಹಡಗಿನ ಮೂತಿಯಲ್ಲಿ ನಿಂತಿದ್ದಳು. ಹುಟ್ಟಿದಂದಿನಿಂದ ಅವಳು ತನ್ನ ಊರಿಗೆ ಸಮುದ್ರದಿಂದ ಬಂದವಳಲ್ಲ. ಮಂಜು ತೆಳುವಾಯಿತು. ಕೆಂಪು ಹೆಂಚುಗಳು, ಉಗ್ರಾಣಗಳ ಸಾಲು, ದಡದ ತುಂಬ ಜನ, ಎಲ್ಲವೂ ಒಂದೊಂದಾಗಿ ಕಂಡವು. ಕೊನೆಗೆ ದೊಡ್ಡ ಗೋಪುರ. ಅದು ಬಲಕ್ಕೇ ವಾಲಿತ್ತು.

ಪಕ್ಕದಲ್ಲಿದ್ದ ಹನ್ನೆಸ್ ಗೋಪುರವನ್ನು ನೋಡಿದ, ಹೆಂಡತಿಯನ್ನು ನೋಡಿದ. ಚಳಿಗೆ ಬಿರಿದ ಅವಳ ಬೆರಳುಗಳನ್ನು ತನ್ನ ಅಂಗಿಯೊಳಗೆ ಇಟ್ಟುಕೊಂಡ.

ರಾಜನಿಗೆ ಮಕ್ಕಳು ಸಿಕ್ಕರು, ಬಂದರಿಗೆ ಹಡಗುಗಳು ಸಿಕ್ಕವು, ಮನೆಮನೆಗೂ ಮನೆಯವರು ಸಿಕ್ಕರು. ಆ ಊರಿನವರು ಉಂಡು ತಣಿದು, ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತ ನೂರು ವರ್ಷ ಬಾಳಿದರು. ಕೇಳಿದ ನಿಮಗೂ ಅಂಥದೊಂದು ಊರಿರಲಿ.