ಸೇತುವೆಯ ಮೇಲೆ ನಿಲ್ಲುವಂತಿಲ್ಲ

ಬಾಣಬಿರುಸಿನ ಹಬ್ಬದ ದಿನ ಅಸಾಕುಸಾದಲ್ಲಿ ಪ್ರೀತಿಸಲು ಪುರುಸೊತ್ತಿರುವುದು ಗಿರಾಕಿಗಳಿಗೆ ಮಾತ್ರ. ಅವರಿಗೆ ಯುಕಾತಾ ಎಂಬ ಬೇಸಿಗೆಯ ನಿಲುವಂಗಿ ಉಡಿಸುವವರಿಗೆ ಒಂದು ಲೋಟ ನೀರು ಕುಡಿಯಲೂ ಪುರುಸೊತ್ತಿರುವುದಿಲ್ಲ.

ಬಾಡಿಗೆ ಬಟ್ಟೆ ಅಂಗಡಿಯ ಚಿಗುಸಾ ಅಂದು ಬೆಳಿಗ್ಗೆ ಒಂಬತ್ತರಿಂದ ಮೂವತ್ತೊಂದು ಹುಡುಗಿಯರಿಗೆ ಉಡಿಸಿದ್ದಳು. ಮೂವತ್ತೆರಡನೆಯವಳು ಎದುರು ನಿಂತು ಬೆವರುತ್ತಿದ್ದಳು.

"ಅಕ್ಕಾ, ಅವನು ಇವತ್ತಾದ್ರೂ ಹೇಳ್ತಾನೆ ಅನ್ಸುತ್ತಾ?"

"ಬೆನ್ನು ನೆಟ್ಟಗೆ ಮಾಡು."

"ಹೇಳದೇ ಇದ್ರೆ?"

"ನೀನೇ ಹೇಳು. ಈಗ ಉಸಿರು ಬಿಡು, ನಡುಕಟ್ಟು ಬಿಗೀಬೇಕು."

ಪರರಿಗೆ ಸಲಹೆ ಕೊಡುವಾಗ ಚಿಗುಸಾಳಷ್ಟು ಧೈರ್ಯವಂತೆ ಟೋಕಿಯೊದಲ್ಲಿ ಇನ್ನೊಬ್ಬಳಿರಲಿಲ್ಲ. ತನ್ನ ವಿಷಯದಲ್ಲಿ ಮಾತ್ರ, ಮೂವತ್ತೆಂಟರ ಈ ಹೆಂಗಸು ಎರಡು ವರ್ಷದಿಂದ ಪ್ರತಿ ಮಂಗಳವಾರ ಮಧ್ಯಾಹ್ನ ಒಬ್ಬನ ಪಕ್ಕದಲ್ಲಿ ಕೂತು ತಣ್ಣನೆಯ ಸೋಬಾ ಶಾವಿಗೆ ತಿನ್ನುತ್ತಿದ್ದಳು. ಶಾವಿಗೆಯ ಬಗ್ಗೆ ಬಿಟ್ಟು ಬೇರೇನೂ ಹೇಳಿರಲಿಲ್ಲ.

ಅವನು ಇಕುಮಾ ಸವತಾರಿ. ಕಾವಲು ಕಂಪನಿಯೊಂದರಲ್ಲಿ ಕೆಲಸ. ಹಬ್ಬದ ದಿನ ಸುಮಿದಾ ನದಿಯ ಸೇತುವೆಯ ಮಧ್ಯದಲ್ಲಿ, ಮೂರು ಮೆಟ್ಟಿಲ ಏಣಿ ಹತ್ತಿ, ಧ್ವನಿವರ್ಧಕ ಹಿಡಿದು ಜನರನ್ನು ನಿಲ್ಲದಂತೆ ಮುಂದೆ ಸಾಗಿಸುತ್ತಿದ್ದ. ಐದು ವರ್ಷದ ಹಿಂದೆ ಅವನ ಹೆಂಡತಿ ತೀರಿಕೊಂಡಿದ್ದಳು.

ಆರೂವರೆಗೆ ಕೊನೆಯ ಹುಡುಗಿ ಮರದ ಚಪ್ಪಲಿ ಟಕಟಕ ಅನ್ನಿಸಿಕೊಂಡು ಹೋದ ಮೇಲೆ ಚಿಗುಸಾ ಫೋನು ತೆಗೆದಳು. ನಾಲ್ಕಕ್ಕೇ ಬಂದ ಸಂದೇಶವಿತ್ತು.

"ನಾಳೆಯಿಂದ ಆವೊಮೊರಿಯಲ್ಲಿ ಕೆಲಸ. ಅಣ್ಣನ ಊರು. ಡ್ಯೂಟಿ ಮುಗಿಸಿ ರಾತ್ರಿ ಹತ್ತರ ಬಸ್ಸಿಗೆ ಉಯೆನೊ ನಿಲ್ದಾಣದಿಂದ ಹೊರಡುತ್ತೇನೆ. ಎರಡು ವರ್ಷ ಜೊತೆಗೆ ಕೂತು ತಿಂದಿದ್ದಕ್ಕೆ ಧನ್ಯವಾದ. ಈ ಸಲ ಸೆಕೆ ಜಾಸ್ತಿ, ಆರೋಗ್ಯ ನೋಡಿಕೊಳ್ಳಿ."

ನಮ್ಮ ಜನ ಎದೆ ಒಡೆಯುವ ಮಾತನ್ನೂ ಹವಾಮಾನದಲ್ಲೇ ಮುಗಿಸುತ್ತಾರೆ.

ಕರೆ ಮಾಡಿದಳು. ಹೋಗಲಿಲ್ಲ. ನದಿಯ ಎರಡೂ ದಡದಲ್ಲಿ ಲಕ್ಷಾಂತರ ಜನ ಒಟ್ಟಿಗೆ ಫೋನು ಎತ್ತಿ "ಎಲ್ಲಿದೀಯ?" ಅನ್ನುತ್ತಿರುವಾಗ ಯಾರ ಕರೆಯೂ ಹೋಗುವುದಿಲ್ಲ. ಬಾಣಬಿರುಸು ಮುಗಿದ ಮೇಲೆ ಈ ಜನಜಾತ್ರೆಯಲ್ಲಿ ಉಯೆನೊ ತಲುಪಲು ಎರಡು ಗಂಟೆ. ಕಂಪನಿಯ ವ್ಯಾನು ಕಾವಲಿನವರಿಗೆಂದೇ ಬಿಟ್ಟ ದಾರಿಯಲ್ಲಿ ಅವನನ್ನು ಹದಿನೈದು ನಿಮಿಷದಲ್ಲಿ ತಲುಪಿಸುತ್ತದೆ. ಹಿಡಿಯುವುದಿದ್ದರೆ ಸೇತುವೆಯ ಮೇಲೇ ಹಿಡಿಯಬೇಕು.

"ಈ ಅವತಾರದಲ್ಲಾ?" ಎಂದು, ಹೆಗಲ ಮೇಲಿಂದ ಸಂದೇಶ ಓದಿದ್ದ ಮಾಲಕಿ ಅವಳ ಬೆವರಿದ ಮೇಲಂಗಿಯನ್ನು ನೋಡಿ, ಯಾರೂ ಒಯ್ಯದೆ ಉಳಿದಿದ್ದ ಕಡುನೀಲಿ ಯುಕಾತಾ ಎಸೆದಳು. "ಮೂರು ನಿಮಿಷ ಕೊಡ್ತೀನಿ. ಉಟ್ಕೊಂಡು ಓಡು."

ಕನ್ನಡಿಗಳ ಮುಂದೆಲ್ಲ ಗಿರಾಕಿಗಳ ಚೀಲಗಳ ರಾಶಿ. ಚಿಗುಸಾ ಕನ್ನಡಿ ಇಲ್ಲದೆಯೇ ಉಟ್ಟಳು. ಎರಡೂವರೆ ನಿಮಿಷ ಹಿಡಿಯಿತು.

*

ಆ ದಿನ ಸೇತುವೆಗೆ ಒಂದೇ ದಿಕ್ಕು, ಪಶ್ಚಿಮದಿಂದ ಪೂರ್ವಕ್ಕೆ. ನಿಲ್ಲುವಂತಿಲ್ಲ, ತಿರುಗುವಂತಿಲ್ಲ. ವಾಪಸ್ಸು ಬರಬೇಕೆಂದರೆ ನದಿಯ ಮೇಲ್ಭಾಗದ ಇನ್ನೊಂದು ಸೇತುವೆಯಿಂದ ಸುತ್ತಿ ಬರಬೇಕು; ಕಡಿಮೆಯೆಂದರೆ ಅರ್ಧ ಗಂಟೆ.

ದೂರದಿಂದಲೇ ಅವನ ದನಿ ಕೇಳಿಸಿತು.

"ಆಕಾಶ ಆ ಕಡೆಯೂ ಇದೆ ಮಹನೀಯರೇ, ನಡೀತಾ ನಡೀತಾ ನೋಡಿ. ಮುಂದಿನವರ ಹಿಮ್ಮಡಿ ತುಳೀಬೇಡಿ, ಅವರೂ ಪಾಪ ಪ್ರೀತಿ ಮಾಡೋಕೇ ಬಂದಿರೋದು."

ಜನ ನಕ್ಕರು. ಮೇಲೆ ಹಳದಿ ಹೂವೊಂದು ಅರಳಿ ನದಿಗೆ ಉದುರಿತು. ಸವತಾರಿಯ ಮುಖ ಒಮ್ಮೆ ಬೆಳಗಿ ಮತ್ತೆ ಕತ್ತಲಾಯಿತು. ಅಷ್ಟರಲ್ಲಿ ಚಿಗುಸಾ ಏಣಿಯ ಬುಡಕ್ಕೆ ಬಂದಿದ್ದಳು.

"ಸವತಾರಿ ಸಾನ್! ಮೆಸೇಜು ಈಗ ನೋಡಿದೆ!"

ಅವನು ಬಗ್ಗಿ ನೋಡಿದ. ಮೊದಲು ಕಣ್ಣುಗಳು ನಕ್ಕವು. ತುಟಿಯ ಎಡ ಅಂಚು ಇನ್ನೇನು ಮೇಲೇರಬೇಕು, ಅವನ ನೋಟ ಅವಳ ಮುಖದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಎದೆಯ ಮೇಲಿನ ಬಟ್ಟೆಯಂಚಿಗೆ ಇಳಿಯಿತು. ನಗು ಅಲ್ಲೇ ಸತ್ತುಹೋಯಿತು. ಧ್ವನಿವರ್ಧಕ ಹಿಡಿದ ಕೈ ಕೆಳಗೆ ಬಂತು.

"ಹೋಗ್ಬೇಡಿ ಅಂತ ಹೇಳೋಕೆ ಬಂದೆ!"

"ನಡೀರಿ," ಎಂದ ಅವನು. ಅದು ಅವನ ದನಿಯೇ ಆಗಿರಲಿಲ್ಲ. "ದಯವಿಟ್ಟು ಮುಂದೆ ನಡೀರಿ."

ಹಿಂದಿನವರು ತಳ್ಳಿದರು. ಅವಳು ಹೊರಳಿ ನೋಡಿದಾಗ ಅವನು ನದಿಯ ಕಡೆ ಮುಖ ತಿರುಗಿಸಿದ್ದ. ಎರಡು ವರ್ಷ ಬಾಯಿಬಿಡದವಳು ಬಿಟ್ಟ ಮೊದಲ ಮಾತಿಗೆ ಸಿಕ್ಕ ಉತ್ತರ ಇದು. ಪೂರ್ವದ ದಡದಲ್ಲಿ ಇಳಿಯುವ ಹೊತ್ತಿಗೆ ಅವಳಿಗೆ ಬಾಣಬಿರುಸಿನ ಸದ್ದೂ ಕೇಳಿಸುತ್ತಿರಲಿಲ್ಲ.

"ಏ ಹುಡುಗೀ! ಯಾರು ಸತ್ತಿದ್ದು, ನೀನೇನಾ?"

ರಸ್ತೆಬದಿಯಲ್ಲಿ ನೀಲಿ ಪ್ಲಾಸ್ಟಿಕ್ ಹಾಸಿಕೊಂಡು ಮೂವರು ಮುದುಕಿಯರು ಬಿಯರು ಕುಡಿಯುತ್ತಿದ್ದರು. ಕೂಗಿದವಳು ಬೀಸಣಿಗೆಯನ್ನು ಚಿಗುಸಾಳ ಎದೆಗೆ ತೋರಿಸಿದಳು.

"ಬಲಗಡೆ ಮೇಲೆ ಬಂದಿದೆ ನೋಡು. ಹೆಣಕ್ಕೆ ಉಡಿಸೋ ಹಾಗೆ ಉಟ್ಟಿದೀಯ. ಯಾರೂ ಕಲಿಸ್ಲಿಲ್ವಾ ನಿಂಗೆ?"

ಚಿಗುಸಾ ತಲೆ ಬಗ್ಗಿಸಿ ನೋಡಿಕೊಂಡಳು. ಬದುಕಿದವರಿಗೆ ಎಡ ಅಂಚು ಮೇಲೆ, ಸತ್ತವರಿಗೆ ಬಲ ಅಂಚು ಮೇಲೆ. ಹದಿನಾರು ವರ್ಷ ಇದನ್ನೇ ಊರಿಗೆಲ್ಲ ಹೇಳಿಕೊಟ್ಟವಳು. ಆದರೆ ಇಡೀ ದಿನ ಎದುರು ನಿಂತು ಪರರಿಗೆ ಉಡಿಸಿದ ಕೈ ಅದು. ಎದುರಿನವರ ಎಡ ಅಂಚು ಉಡಿಸುವವಳ ಬಲಗೈಗೆ ಬರುತ್ತದೆ; ಬಲಗೈ ಹಿಡಿದ ಅಂಚೇ ಕೊನೆಗೆ ಮೇಲೆ ಬರಬೇಕೆಂದು ಅದಕ್ಕೆ ರೂಢಿಯಾಗಿತ್ತು. ಸ್ವಂತ ಮೈಗೂ ಹಾಗೆಯೇ ಮಾಡಿಬಿಟ್ಟಿತ್ತು.

ಸವತಾರಿ ಹೆಂಡತಿಯ ಬಗ್ಗೆ ಮಾತಾಡಿದ್ದು ಒಂದೇ ಸಲ. "ಪೆಟ್ಟಿಗೇಲಿ ಮಲಗಿಸೋ ಮುಂಚೆ ಬಿಳೀ ಬಟ್ಟೆ ಉಡಿಸಿದ್ರು," ಅಂದಿದ್ದ. "ಬಲ ಅಂಚು ಮೇಲೆ ಬಂತು. ಅಲ್ಲೀವರೆಗೂ ನಾನು ನಂಬಿರ್ಲಿಲ್ಲ."

ಚಿಗುಸಾ ರಸ್ತೆಯ ಮೇಲೇ ಕುಕ್ಕರಿಸಿ ಅಳತೊಡಗಿದಳು.

"ಅಯ್ಯೋ, ಅಳೋ ಅಂಥದ್ದೇನಿದೆ? ಬಿಚ್ಚಿ ಉಟ್ಕೋ!"

"ಎಲ್ಲಿ ಬಿಚ್ಚಲಿ? ಶೌಚಾಲಯಕ್ಕೆ ಇನ್ನೂರು ಜನ ಸಾಲು ನಿಂತಿದಾರೆ. ನನಗೆ ಅಷ್ಟು ಹೊತ್ತಿಲ್ಲ. ಅವರು ಹೊರಟುಹೋಗ್ತಾರೆ."

ಯಾರು, ಎಲ್ಲಿಗೆ ಎಂದು ಮುದುಕಿ ಕೇಳಲಿಲ್ಲ. ಗೆಳತಿಯರ ಕಡೆ ತಿರುಗಿದಳು. "ಏಳ್ರೇ. ಹಾಸು ಎತ್ತಿ, ಮರೆ ಹಿಡೀರಿ."

"ಎತ್ತಿದ್ರೆ ಜಾಗ ಹೋಗುತ್ತೆ ತೋಮಿಯೊ! ಬೆಳಿಗ್ಗೆ ಐದಕ್ಕೆ ಬಂದು ಹಿಡಿದಿದ್ದು!"

"ಹೋಗ್ಲಿ ಬಿಡೇ. ಬಾಣಬಿರುಸು ಮುಂದಿನ ವರ್ಷವೂ ಇರುತ್ತೆ."

"ನಾವಿರ್ತೀವಾ?"

"ಇಲ್ದಿದ್ರೆ ಜಾಗ ತಾನೇ ಯಾಕೆ?"

ಮೂವರೂ ನೀಲಿ ಹಾಸನ್ನು ಗೋಡೆಯಂತೆ ಎತ್ತಿ ಹಿಡಿದರು. ಅದರೊಳಗೆ ಚಿಗುಸಾ ಬಿಚ್ಚಿ, ಎಡ ಅಂಚು ಮೇಲೆ ತಂದು ಉಟ್ಟಳು. ಹೊರಬರುವಷ್ಟರಲ್ಲಿ ಅವರ ಜಾಗದಲ್ಲಿ ಆರು ಜನರ ಸಂಸಾರವೊಂದು ಬುತ್ತಿ ಬಿಚ್ಚಿತ್ತು.

*

ಸುತ್ತಿ ಬಂದು ಎರಡನೆಯ ಸಲ ಅವಳು ಸೇತುವೆ ಹತ್ತಿದಾಗ ಏಳೂಮುಕ್ಕಾಲು ದಾಟಿತ್ತು. ಅವನು ದೂರದಿಂದಲೇ ನೋಡಿದ. ಈ ಸಲ ಮೊದಲು ಬಟ್ಟೆಯನ್ನು, ಆಮೇಲೆ ಮುಖವನ್ನು.

"ಕೈ ತಪ್ಪಿತು! ಬೆಳಿಗ್ಗೆಯಿಂದ ಬೇರೆಯವರಿಗೇ ಉಡಿಸ್ತಾ ಇದ್ದೆ, ಅದಕ್ಕೆ..."

"ಗೊತ್ತಾಯ್ತು." ಅವನು ಏಣಿಯಿಂದ ಒಂದು ಮೆಟ್ಟಿಲು ಇಳಿದ. ಧ್ವನಿವರ್ಧಕವನ್ನು ಬೆನ್ನ ಹಿಂದೆ ಹಿಡಿದ. "ನೀವು ಆ ಕಡೆ ಹೋದ್ಮೇಲೆ ಗೊತ್ತಾಯ್ತು."

"ಮತ್ತೆ?"

"ಇನ್ನೊಂದ್ಸಲ ಹಾಗೆ ನೋಡೋಕೆ ನನ್ನಿಂದ ಆಗಲ್ಲ ಚಿಗುಸಾ ಸಾನ್. ಇವತ್ತಲ್ಲ, ಯಾವತ್ತೂ ಆಗಲ್ಲ. ನೀವು ದೂರ ಇದ್ರೆ ನೋಡ್ಬೇಕಾಗಿಲ್ಲ. ಅದಕ್ಕೇ ಹೊರಟಿದ್ದು."

"ಅಮ್ಮಾ, ಮದುವೆ ಮಾತುಕತೆ ಮನೇಲಿಟ್ಕೊಳ್ಳಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಜನದ ಅಲೆ ಅವಳನ್ನು ಎತ್ತಿಕೊಂಡು ಹೋಯಿತು.

ಪ್ರೀತಿಯಿಲ್ಲದೆ ಹೋಗುವವನನ್ನು ಮರೆಯಬಹುದು. ಎರಡು ಮಂಗಳವಾರ ಅತ್ತರೆ ಮುಗಿಯುತ್ತದೆ. ಪ್ರೀತಿಯಿದೆಯೆಂದೇ ಓಡಿಹೋಗುವವನನ್ನು ಏನು ಮಾಡುವುದು? ಅದು ತಿಳಿದ ಮೇಲೆ ಅವಳ ಎದೆ ಮೊದಲಿಗಿಂತ ಹೆಚ್ಚು ಉರಿಯತೊಡಗಿತು.

ಮರದ ಚಪ್ಪಲಿಯ ಪಟ್ಟಿ ಬೆರಳಸಂದಿಯನ್ನು ಕಿತ್ತುಹಾಕಿತ್ತು. ಕಳಚಿ ಕೈಯಲ್ಲಿ ಹಿಡಿದು, ಹಗಲ ಬಿಸಿಯಿನ್ನೂ ಆರದ ಡಾಂಬರಿನ ಮೇಲೆ ಬರಿಗಾಲಲ್ಲಿ ಓಡಿದಳು. ಮೂವತ್ತೈದು ನಿಮಿಷದ ದಾರಿ, ಹತ್ತು ಸೆಕೆಂಡಿನ ಮಾತು. ದಾರಿಯುದ್ದಕ್ಕೂ ಆ ಹತ್ತು ಸೆಕೆಂಡಿಗೆ ವಾಕ್ಯ ಕಟ್ಟಿದಳು, ಒಡೆದಳು, ಮತ್ತೆ ಕಟ್ಟಿದಳು. ಬಹಳ ಚಂದದ ವಾಕ್ಯಗಳು. ಏಣಿಯೆದುರು ಬಂದಾಗ ಒಂದೂ ನೆನಪಾಗಲಿಲ್ಲ.

ಆಕಾಶದಲ್ಲಿ ಕೊನೆಯ ಸುತ್ತು ಶುರುವಾಗಿತ್ತು. ಅವಳು ಗಂಟಲು ಹರಿಯುವಂತೆ ಕೂಗಿದಳು.

"ಇಕುಮಾ ಸಾನ್! ನೀವು ಮೊದಲು ಹೋದ್ರೆ ಆ ಬಿಳೀ ಬಟ್ಟೆ ನಾನೇ ಉಡಿಸ್ತೀನಿ! ಬೇರೆ ಯಾರ ಕೈಗೂ ಕೊಡಲ್ಲ!"

ಸವತಾರಿ ಎಂಬ ಮನೆತನದ ಹೆಸರು ಬಿಟ್ಟು, ಅವನ ಸ್ವಂತ ಹೆಸರಿಟ್ಟು ಅವಳು ಕರೆದದ್ದು ಅದೇ ಮೊದಲು. ಸುತ್ತಲಿನ ಜನ ಆಕಾಶ ಬಿಟ್ಟು ಅವಳನ್ನು ನೋಡಿದರು.

"ನಾನು ಮೊದಲು ಹೋದ್ರೆ ನೀವು ಉಡಿಸ್ಬೇಕು! ನಿಮಗೆ ಬರಲ್ಲ, ಗೊತ್ತು ನಂಗೆ. ಕಲಿಸ್ತೀನಿ. ನಿಮ್ಮ ದಡ್ಡ ಕೈ ಕಲಿಯೋಕೆ ಮೂವತ್ತು ವರ್ಷ ಬೇಕು! ಆವೊಮೊರೀಲಿ ಕೂತು ಕಲಿಯೋಕಾಗಲ್ಲ!"

ಅವನ ತುಟಿ ಅಲುಗಿತು. ಅಷ್ಟರಲ್ಲಿ ನೂರಾರು ಬಾಣ ಒಟ್ಟಿಗೆ ಸಿಡಿದು ಸೇತುವೆಯ ಕಂಬಿಗಳೇ ನಡುಗಿದವು. ಅವನು ಏನಂದನೋ ಅವಳಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿ ಎನ್ನುವ ಮೊದಲೇ ಜನ ಅವಳನ್ನು ದಾಟಿಸಿಬಿಟ್ಟಿದ್ದರು.

*

ಎಂಟೂವರೆಗೆ ಆಕಾಶದಲ್ಲಿ ಹೊಗೆ ಮಾತ್ರ ಉಳಿಯಿತು. ಜನ ರೈಲಿನ ಕಡೆ ಹರಿದರು. ಪೂರ್ವದ ತುದಿಯ ಕಂಬಕ್ಕೆ ಅಂಟಿಕೊಂಡು ಚಿಗುಸಾ ನಿಂತಿದ್ದಳು. ನಾಲ್ಕನೆಯ ಸುತ್ತು ಇರಲಿಲ್ಲ. ಸೇತುವೆಗೆ ಹಗ್ಗ ಕಟ್ಟಿದ್ದರು.

ಖಾಲಿ ಸೇತುವೆಯ ನಡುವೆ ಕಾವಲಿನವರು ಸಾಲುಗೂಡಿದರು. ಮುಖ ಕಾಣುತ್ತಿರಲಿಲ್ಲ, ಅವರ ಕೈಯ ಕೆಂಪು ದೀಪದ ಕೋಲುಗಳು ಮಾತ್ರ. ಎಣಿಸಿದಳು. ಹನ್ನೆರಡು. ವ್ಯಾನು ಇದ್ದದ್ದು ಪಶ್ಚಿಮದಲ್ಲಿ. ಹನ್ನೆರಡು ಕೋಲುಗಳೂ ಪಶ್ಚಿಮಕ್ಕೆ ತಿರುಗಿದವು, ನಡೆದವು.

ಹನ್ನೆರಡೂ.

ಅವಳು ಕಂಬದ ಬುಡದಲ್ಲಿ ಕೂತಳು. ಅಳು ಕೂಡ ಬರಲಿಲ್ಲ. ಕೋಲುಗಳು ಚಿಕ್ಕವಾಗುತ್ತ ಹೋದವು.

ಒಂದು ನಿಂತಿತು. ಮುಂದಿನದಕ್ಕೆ ಏನೋ ಹೇಳಿ ಕ್ಷಮೆ ಕೇಳಿದಂತೆ ಬಗ್ಗಿತು, ಒಮ್ಮೆ, ಇನ್ನೊಮ್ಮೆ, ಮೂರನೆಯ ಸಲ ಬಹಳ ಹೊತ್ತು. ಆಮೇಲೆ ಅದು ಈ ಕಡೆ ಬರತೊಡಗಿತು. ಮೊದಲು ನಡೆದು, ಆಮೇಲೆ, ಕಾವಲಿನವರು ಸೇತುವೆಯ ಮೇಲೆ ಮಾಡಬಾರದ ಹಾಗೆ, ಓಡಿ.

ಸವತಾರಿ ಹಗ್ಗ ದಾಟಿ ಅವಳೆದುರು ನಿಂತ. ಏದುಸಿರು ಬಿಡುತ್ತಿದ್ದ. ಅವಳೇ ಕೇಳಿದಳು.

"ಬಸ್ಸು?"

"ಹತ್ತಕ್ಕೆ."

"ಈಗಿನ್ನೂ ಒಂಬತ್ತಾಗಿಲ್ಲ."

"ಹೌದು."

"ವ್ಯಾನು ಕಾಯ್ತಿದೆಯಾ?"

"ಹೋಗಿ ಅಂದೆ."

ಅವನು ಬಗ್ಗಿ ಅವಳ ರಕ್ತ ಮೆತ್ತಿದ ಕಾಲ್ಬೆರಳನ್ನು ನೋಡಿದ. ಅವಳ ಕೈಯಿಂದ ಚಪ್ಪಲಿ ತೆಗೆದುಕೊಂಡು ತನ್ನ ಕಂಕುಳಲ್ಲಿಟ್ಟುಕೊಂಡ. ಇನ್ನೊಂದು ಕೈ ಚಾಚಿದ.

"ನಂಗೆ ಈಗ್ಲೂ ಭಯ," ಎಂದ.

"ನಂಗೂ."

"ಈ ಕಾಲಲ್ಲಿ ಉಯೆನೊಗೆ ಹೋಗೋಕೆ ಎಷ್ಟು ಹೊತ್ತು ಬೇಕು?"

"ಹನ್ನೊಂದಾಗುತ್ತೆ," ಎಂದಳು ಚಿಗುಸಾ. "ಬಸ್ಸು ತಪ್ಪುತ್ತೆ."

"ಹಾಗಿದ್ರೆ," ಎಂದು ಅವನು ಅವಳನ್ನು ಎಬ್ಬಿಸಿ ನಿಲ್ಲಿಸಿದ, "ನಿಧಾನಕ್ಕೇ ನಡೆಯೋಣ."